ನಾರ್ವೆಯವಳಿಗೆ ನಾನು ಮೀನು ಬಡಿಸಿದ್ದು

ನಾರ್ವೆ ಅಂದರೆ ಏನು ಅನ್ನುವುದನ್ನು ನಾರ್ವೆಯ ಹುಡುಗಿಯೊಬ್ಬಳಿಗೆ ತೋರಿಸಿಯೇ ಬಿಡುತ್ತೇನೆ ಎಂದು ಕಳೆದ ನವೆಂಬರಿನಲ್ಲಿ ನಾನು ಪಣ ತೊಟ್ಟೆ!

ನಾನು ನಾರ್ವೆ ನೋಡಿದವಳಲ್ಲ. ಮಿನೆಸೋಟದ ಈ ಸಣ್ಣ ಊರು ಬಿಟ್ಟು ನಾನು ಹೋದ ಅತಿ ದೂರದ ಜಾಗವೆಂದರೆ ಅಯೋವಾ, ಅದೂ ನಾದಿನಿಯನ್ನು ಮಣ್ಣು ಮಾಡಲು. ಹಸು ಕರೆಯಲು ಕೈ ಬೇಕೆಂದು ಅಪ್ಪ ಶಾಲೆ ಬಿಡಿಸಿದಾಗ ಭೂಗೋಳದಲ್ಲಿ ನಾರ್ವೆಯ ಪಾಠ ಇನ್ನೂ ಬಂದಿರಲಿಲ್ಲ. ಆದರೇನಂತೆ! ನನ್ನ ಅಜ್ಜಿ ಹಡಗು ಹತ್ತಿ ಅಲ್ಲಿಂದಲೇ ಬಂದವಳು. ನನ್ನ ಹೆಸರು ಆರ್ಡಿಸ್ ಟೋಲೆಫ್ಸನ್. ಅಡುಗೆಮನೆಯ ಗೋಡೆಯ ಮೇಲೆ ನಾರ್ವೆಯ ಬಾವುಟವಿದೆ. ಅಜ್ಜಿಯಿಂದ ಕಲಿತ ನಾರ್ವೆಯ ಮಾತು ಬಾಯಲ್ಲಿದೆ. ಇನ್ನೇನು ಬೇಕು?

ಎಲ್ಲ ಶುರುವಾದದ್ದು ಮೊಮ್ಮಗಳ ಫೋನಿನಿಂದ. ಬ್ರಿಟ್ಟಾ ಕಾಲೇಜಿನಲ್ಲಿ ಓದುತ್ತಾಳೆ. ಥ್ಯಾಂಕ್ಸ್‌ಗಿವಿಂಗ್ ರಜೆಯಲ್ಲಿ ಇಬ್ಬರು ಗೆಳೆಯರನ್ನು ಕರೆದುಕೊಂಡು ಊರೂರು ಸುತ್ತಿ, ಹಬ್ಬದ ದಿನಕ್ಕೆ ನನ್ನ ಮನೆಗೆ ಬರುತ್ತೇನೆ ಎಂದಳು. ಒಬ್ಬ ಡೆಸ್ಮಂಡ್. ಕಾರು ಅವನದು. ದಕ್ಷಿಣದ ಬೆಚ್ಚಗಿನ ಜಾರ್ಜಿಯಾ ರಾಜ್ಯದವನು, ಹಿಮ ಕಂಡರೆ ಪ್ರಾರ್ಥನೆ ಶುರುಮಾಡುತ್ತಾನಂತೆ. ಇನ್ನೊಬ್ಬಳು ಸಿಲ್ಯೆ. ಒಂದು ಸೆಮಿಸ್ಟರ್ ಓದಲು ನಾರ್ವೆಯಿಂದ ಬಂದವಳು, ಕ್ರಿಸ್‌ಮಸ್ಸಿಗೆ ವಾಪಸು ಹೋಗುವವಳು.

"ಅಜ್ಜಿ, ಅವಳಿಗೆ ಇದೊಂದೇ ಥ್ಯಾಂಕ್ಸ್‌ಗಿವಿಂಗ್. ಏನೂ ಹೊಸದು ಮಾಡೋಕೆ ಹೋಗ್ಬೇಡ. ಪ್ರತಿ ವರ್ಷ ಮಾಡೋದನ್ನೇ ಮಾಡು, ಸಾಕು," ಎಂದಳು ಬ್ರಿಟ್ಟಾ.

ಇದಕ್ಕಿಂತ ಬಿಡಿಸಿ ಹೇಳುವುದು ಸಾಧ್ಯವೇ? ಆದರೆ ನಾರ್ವೆ ಅನ್ನುವ ಮಾತು ನನ್ನ ಕಿವಿಯೊಳಗೆ ಹೊಕ್ಕು ಕುರ್ಚಿ ಎಳೆದುಕೊಂಡು ಕೂತುಬಿಟ್ಟಿತ್ತು. ಉಳಿದ ಮಾತುಗಳೆಲ್ಲ ಹೊಸಿಲ ಆಚೆಯೇ ನಿಂತವು.

ನಾನು ಯೋಚಿಸಿದೆ. ಪಾಪ, ಹೆತ್ತವರನ್ನು ಬಿಟ್ಟು ಬಂದ ಕೂಸು. ಕಾಲೇಜಿನ ಊಟ ತಿಂದು ನಾಲಿಗೆ ಸತ್ತಿರುತ್ತದೆ. ಪ್ರತಿ ವರ್ಷದ ಹಾಗೆ ಅದರ ಮುಂದೆ ಹಬ್ಬದ ಟರ್ಕಿ ಕೋಳಿ ಇಟ್ಟರೆ ಅದಕ್ಕೇನು ಬಂತು? ಟರ್ಕಿಯನ್ನು ಈ ದೇಶದಲ್ಲಿ ಯಾರು ಬೇಕಾದರೂ ಬೇಯಿಸುತ್ತಾರೆ. ನಾರ್ವೆಯ ಲೂಟಫಿಸ್ಕ್ ಇಡಬೇಕು! ಕಾಡ್ ಎಂಬ ಸಮುದ್ರದ ಮೀನನ್ನು ಒಣಗಿಸಿ, ಕ್ಷಾರದ ನೀರಲ್ಲಿ ನೆನೆಹಾಕಿ, ಮತ್ತೆ ತಿಳಿನೀರಲ್ಲಿ ನೆನೆಹಾಕಿ, ತಟ್ಟೆಯಲ್ಲಿ ಲೋಳೆಯ ಹಾಗೆ ನಡುಗುವಂತೆ ಬೇಯಿಸಿ, ಮೇಲೆ ಕರಗಿಸಿದ ಬೆಣ್ಣೆ ಸುರಿದು ಬಡಿಸಿದರೆ ಹುಡುಗಿ ಅತ್ತೇಬಿಡುತ್ತಾಳೆ ಅಂದುಕೊಂಡೆ.

ಅಳುವುದರ ಮಟ್ಟಿಗೆ ನನ್ನ ಲೆಕ್ಕ ಸರಿಯಾಗಿಯೇ ಇತ್ತು.

ಫ್ರೀಜರಿನಲ್ಲಿ ಆಗಲೇ ತಂದಿಟ್ಟ ದೊಡ್ಡ ಟರ್ಕಿಯೊಂದು ಕಲ್ಲಿನ ಹಾಗೆ ಕೂತಿತ್ತು. ಮೀನಿಗೆ ಜಾಗ ಬೇಕಲ್ಲ? ಅದನ್ನು ಎತ್ತಿಕೊಂಡು ಪಕ್ಕದ ಮನೆಯ ಲವಾನ್‌ಗೆ ಕೊಡಲು ಹೋದೆ. ಲವಾನ್ ಮದುವೆ ಆಗಲಿಲ್ಲ. ಒಬ್ಬಳೇ ಇದ್ದಾಳೆ, ಹಬ್ಬಕ್ಕೆ ಡಬ್ಬಿಯ ಹಂದಿಮಾಂಸ ತೆರೆಯುತ್ತಾಳೆ. ಚರ್ಚಿನ ನೆಲಮಾಳಿಗೆಯ ಊಟಗಳಲ್ಲಿ ನಲವತ್ತು ವರ್ಷದಿಂದ ನಾವಿಬ್ಬರೂ ಅಕ್ಕಪಕ್ಕ ನಿಂತು ಬಡಿಸಿದ್ದೇವೆ, ಒಬ್ಬರ ಕೈರುಚಿಯನ್ನು ಇನ್ನೊಬ್ಬರು ಒಮ್ಮೆಯೂ ಹೊಗಳಿಲ್ಲ.

ನನ್ನ ಯೋಜನೆ ಕೇಳಿದ ಲವಾನ್ ಟರ್ಕಿಯನ್ನು ಮೊದಲು ಒಳಗಿಟ್ಟು ಬಂದಳು, ಆಮೇಲೆ ಮಾತಾಡಿದಳು.

"ಆರ್ಡಿಸ್, ಮೀನು ಬೇಯಿಸ್ತಿದ್ದದ್ದು ನಿನ್ನ ಯಜಮಾನರಲ್ವೇನೇ?"

"ಪಕ್ಕದಲ್ಲಿ ನಿಂತು ನೋಡಿಲ್ವಾ ನಾನು?"

"ನಾನೂ ಪಾದ್ರಿಗಳ ಪಕ್ಕದಲ್ಲಿ ನಿಂತಿದ್ದೀನಿ. ಅದಕ್ಕೆ ಮದುವೆ ಮಾಡಿಸೋಕೆ ಬರುತ್ತಾ?"

ಹೊಟ್ಟೆಕಿಚ್ಚು ಎಂದುಕೊಂಡು ಬಂದೆ. ಆದರೆ ಅವಳು ಹೇಳಿದ್ದು ನಿಜ. ಚರ್ಚಿನ ಮೀನೂಟದಲ್ಲಿ ದೊಡ್ಡ ಹಂಡೆಯ ಮುಂದೆ ನಿಲ್ಲುತ್ತಿದ್ದವರು ನಮ್ಮ ಯಜಮಾನರು, ಓರಿನ್. ಬಿಳಿ ಏಪ್ರನ್ ಕಟ್ಟಿಕೊಂಡು, ಕೈಗಡಿಯಾರ ನೋಡುತ್ತ, ಹೆರಿಗೆ ಮಾಡಿಸುವ ಡಾಕ್ಟರ ಹಾಗೆ ಗಂಭೀರವಾಗಿ ನಿಲ್ಲುತ್ತಿದ್ದರು. ನನ್ನ ಕೆಲಸ ಬೆಣ್ಣೆ ಕರಗಿಸುವುದು. ಬೆಣ್ಣೆಗೆ ಬೆಂಕಿ ತೋರಿಸಿದರೆ ಅದು ತಾನಾಗಿಯೇ ಕರಗುತ್ತದೆ. ಅದರಲ್ಲಿ ನಾನು ಊರಿಗೇ ಹೆಸರುವಾಸಿ!

ಹಬ್ಬದ ದಿನ ಬಂತು. ಹಿಮ ಬೀಳುತ್ತಿತ್ತು. ಆಲೂಗಡ್ಡೆಯ ಲೆಫ್ಸ ರೊಟ್ಟಿ ಲಟ್ಟಿಸಿದೆ. ಕುಂಬಳದ ಪೈ ಮಾಡಿ ಕಿಟಕಿಯ ಬಳಿ ಇಟ್ಟೆ. ಮೀನನ್ನು ಪಾತ್ರೆಗೆ ಹಾಕಿ, ನೀರು ಕುದಿ ಬಂದ ಕೂಡಲೇ ಇಳಿಸಬೇಕು ಎಂದುಕೊಳ್ಳುವಷ್ಟರಲ್ಲಿ ಕಾರು ಬಂತು. ನಾನು ಬಾಗಿಲಿಗೆ ಓಡಿದೆ.

ಮೊದಲು ಇಳಿದವಳು ಸಿಲ್ಯೆ. ಜೋಳದ ಬಣ್ಣದ ಕೂದಲು, ಚಳಿಗೆ ಕೆಂಪಾದ ಮೂಗು. ತಲೆಯ ಮೇಲೆ ಟರ್ಕಿ ಕೋಳಿಯ ಆಕಾರದ ಉಣ್ಣೆಯ ಟೋಪಿ! ದಾರಿಯಲ್ಲಿ ಯಾವುದೋ ಪೆಟ್ರೋಲ್ ಬಂಕಿನಲ್ಲಿ ಕೊಂಡಳಂತೆ. ದಾರಿಯುದ್ದಕ್ಕೂ ಅಂಗಡಿಯ ಗಾಜಿನ ಮೇಲೆ, ಹುಲ್ಲಿನ ಪಿಂಡಿಯ ಮೇಲೆ, ಎಲ್ಲೆಲ್ಲಿ ಟರ್ಕಿಯ ಬೊಂಬೆ ಕಂಡಿತೋ ಅಲ್ಲೆಲ್ಲ ಕಾರು ನಿಲ್ಲಿಸಿ ಫೋಟೋ ತೆಗೆದಳು ಎಂದು ಬ್ರಿಟ್ಟಾ ನಗುತ್ತಾ ಹೇಳಿದಳು. ಆಗಲಾದರೂ ನನಗೆ ಬುದ್ಧಿ ಬರಬೇಡವೇ? ಟೋಪಿ ಚೆನ್ನಾಗಿದೆ ಎಂದೆ. ಅಲ್ಲೇ ಹಿಮದಲ್ಲಿ ನಿಂತು ನನ್ನ ಅಜ್ಜಿಯ ಹಡಗಿನ ಕಥೆ ಶುರುಮಾಡಿದೆ. ಹಡಗು ನ್ಯೂಯಾರ್ಕ್ ಮುಟ್ಟುವ ಹೊತ್ತಿಗೆ ಒಳಗೆ ಮೀನು ಕುದಿದು ಕುದಿದು ಗೋಂದಾಗಿತ್ತು.

ವಾಸನೆ ನಮ್ಮನ್ನು ಬಾಗಿಲಲ್ಲೇ ಎದುರುಗೊಂಡಿತು. ಸಿಲ್ಯೆ ಒಂದು ಕಾಲು ಒಳಗಿಟ್ಟವಳು ಹಾಗೆಯೇ ನಿಂತಳು. ನಿಧಾನವಾಗಿ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಳು, ಸಾವಿನ ಮನೆಗೆ ಬಂದವರ ಹಾಗೆ. ನಾನಾದರೋ, ತವರಿನ ನೆನಪಾಯಿತು ಕೂಸಿಗೆ ಎಂದು ಹಿಗ್ಗಿದೆ!

ಡೆಸ್ಮಂಡ್ ಮೂಗು ಮುಚ್ಚಿಕೊಳ್ಳಲಿಲ್ಲ. ತಾಯಿ ಒಳ್ಳೆಯ ನಡತೆ ಕಲಿಸಿದ್ದಾಳೆ. ಎಲ್ಲಾದರೂ ಪೈಪು ಒಡೆದಿದ್ದರೆ ನೋಡಲೇ ಎಂದು ಮಾತ್ರ ಕೇಳಿದ. ಕಿಟಕಿಗಳನ್ನೆಲ್ಲ ತೆರೆದೆವು. ಹೊರಗಿನ ಚಳಿಯೆಲ್ಲ ಒಳಗೆ ಬಂತು. ಒಳಗಿನ ವಾಸನೆ ಮಾತ್ರ ಹೊರಗೆ ಹೋಗಲು ಒಪ್ಪಲಿಲ್ಲ. ಕಿಟಕಿಯ ಬಳಿಯ ಪೈ ಮೇಲೆ ಹಿಮ ಬಿತ್ತು. ಎಲ್ಲರೂ ಕೋಟು ಹಾಕಿಕೊಂಡೇ ಊಟಕ್ಕೆ ಕೂತೆವು.

ಅಷ್ಟರಲ್ಲಿ ಬ್ರಿಟ್ಟಾ ನನಗೆ ಸಹಾಯ ಮಾಡೋಣವೆಂದು ನನ್ನ ಅಜ್ಜಿಯ ಬೆಳ್ಳಿ ಚಮಚಗಳನ್ನು ಪೆಟ್ಟಿಗೆಯಿಂದ ತೆಗೆದು ಮೇಜಿನ ಮೇಲೆ ಜೋಡಿಸಿಬಿಟ್ಟಿದ್ದಳು. ಈ ಮೀನಿಗೆ ಬೆಳ್ಳಿ ಆಗುವುದಿಲ್ಲ ಎಂದು ನಮ್ಮ ಚರ್ಚಿನ ಮಕ್ಕಳಿಗೂ ಗೊತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಡೆಸ್ಮಂಡ್ ಧೈರ್ಯ ಮಾಡಿ ಒಂದು ಚಮಚ ಅದ್ದಿದ. ಚಮಚ ಅವನ ಕೈಯಲ್ಲೇ ಕಪ್ಪಾಗುತ್ತ ಬಂತು. ಅವನು ಚಮಚ ನೋಡಿದ, ನನ್ನನ್ನು ನೋಡಿದ, ಆಮೇಲೆ ತನ್ನ ಹೊಟ್ಟೆಯ ಕಡೆ ನೋಡಿಕೊಂಡ.

ಸಿಲ್ಯೆ ಮಾತ್ರ ತಿಂದಳು. ತಟ್ಟೆಯಲ್ಲಿ ಆಕಾರವಿಲ್ಲದೆ ಹರಡಿದ್ದ ಆ ಲೋಳೆಯನ್ನು ಬೆಣ್ಣೆಯಲ್ಲಿ ಮುಳುಗಿಸಿ, ಲೆಫ್ಸದಲ್ಲಿ ಸುತ್ತಿ, ಕಣ್ಣು ಮುಚ್ಚಿ ನುಂಗಿದಳು. ಕಣ್ಣಲ್ಲಿ ನೀರಿತ್ತು. ನಾನು ಇನ್ನೊಂದು ಸೌಟು ಹಾಕಿದೆ. ಅದನ್ನೂ ತಿಂದಳು. ಈಗ ನೆನೆದರೆ ನನ್ನ ಕೈಯನ್ನೇ ಆ ಸೌಟಿನಿಂದ ಬಡಿದುಕೊಳ್ಳೋಣ ಅನ್ನಿಸುತ್ತದೆ.

ಆಗ ಅವಳ ಫೋನು ರಿಂಗಾಯಿತು. ವಿಡಿಯೋ ಕರೆ. ನಾರ್ವೆಯಿಂದ ಅವಳ ಅಜ್ಜಿ ಗುನ್‌ವರ್. ಸಿಲ್ಯೆ ಗಾಬರಿಯಿಂದ ಫೋನನ್ನು ಮಡಿಲಲ್ಲಿ ಬಚ್ಚಿಟ್ಟುಕೊಳ್ಳಲು ಹೋದಳು. ನಾನು ಬಿಟ್ಟರಲ್ಲವೇ? ಕೊಡಮ್ಮ ಇಲ್ಲಿ ಎಂದು ಕಿತ್ತುಕೊಂಡು, ನನ್ನ ಅಜ್ಜಿಯ ನಾರ್ವೆ ಮಾತಿನಲ್ಲಿ ಗುನ್‌ವರ್‌ಗೆ ದೊಡ್ಡ ಸ್ವಾಗತ ಹೇಳಿ, ಫೋನನ್ನು ಮೀನಿನ ಪಾತ್ರೆಯ ಮೇಲೆ ಮೆರವಣಿಗೆ ಮಾಡಿಸಿದೆ.

ಗುನ್‌ವರ್ ವೇಗವಾಗಿ ಏನೋ ಹೇಳಿದರು. ನನ್ನ ನಾರ್ವೆ ಮಾತು ಅಷ್ಟು ವೇಗಕ್ಕೆ ಓಡುವುದಿಲ್ಲ. ಏನಂದರು ಎಂದು ಸಿಲ್ಯೆಯನ್ನು ಕೇಳಿದೆ.

ಅವಳು ಮೇಜುಬಟ್ಟೆಯ ಅಂಚು ತಿರುಚುತ್ತ ಹೇಳಿದಳು: "ನಿಮ್ಮ ಮಾತು ಕೇಳಿದ್ರೆ ಸತ್ತುಹೋದ ಅವರ ಅಜ್ಜಿ ಎದ್ದು ಬಂದ ಹಾಗಿದೆಯಂತೆ."

"ಆಮೇಲೆ?"

"ಆಮೇಲೆ... ಟರ್ಕಿ ಎಲ್ಲಿ ಅಂತ ಕೇಳಿದ್ರು."

ಬ್ರಿಟ್ಟಾ ನನ್ನ ಕಡೆ ನೋಡಿದ ನೋಟವಿದೆಯಲ್ಲ, ಅದನ್ನು ನಾನು ಇನ್ನೂ ಮರೆತಿಲ್ಲ. ಸಂಗತಿ ಒಂದೊಂದಾಗಿ ಹೊರಬಂತು. ಗುನ್‌ವರ್‌ಗೆ ಮಂಡಿ ನೋವು, ಮನೆ ಬಿಟ್ಟು ಹೋಗಲಾರರು. ಇಡೀ ಟರ್ಕಿಯೊಂದು ಹೊಂಬಣ್ಣಕ್ಕೆ ತಿರುಗಿ ಒಲೆಯಿಂದ ಹೊರಬರುವುದನ್ನು ಸಿನಿಮಾದಲ್ಲಿ ನೋಡಿ, ನಿಜವಾಗಿ ಒಮ್ಮೆ ತೋರಿಸು ಎಂದು ಮೊಮ್ಮಗಳಿಂದ ಮಾತು ತೆಗೆದುಕೊಂಡಿದ್ದರು. ನಾಲ್ಕು ತಿಂಗಳಿಂದ ಇಬ್ಬರೂ ಈ ದಿನಕ್ಕಾಗಿಯೇ ಕಾದಿದ್ದರು. ಇನ್ನು ಲೂಟಫಿಸ್ಕ್? ಪ್ರತಿ ಡಿಸೆಂಬರಿನಲ್ಲೂ ಗುನ್‌ವರ್ ಅದನ್ನು ಮಾಡುತ್ತಾರೆ, ಪ್ರತಿ ಡಿಸೆಂಬರಿನಲ್ಲೂ ಸಿಲ್ಯೆ ಗೆಳತಿಯ ಮನೆಗೆ ಓಡಿಹೋಗುತ್ತಾಳೆ!

"ಮತ್ತೆ ಯಾಕಮ್ಮ ತಿಂದೆ? ಅದೂ ಎರಡು ಸಲ?" ಎಂದೆ.

"ನೀವು ಅಷ್ಟು ಖುಷಿಯಾಗಿದ್ರಿ," ಎಂದಳು ಹುಡುಗಿ.

ಅವಳು ಬೈದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಎದ್ದು ಅಡುಗೆಮನೆಗೆ ಹೋಗಿ ಸುಮ್ಮನೆ ನಲ್ಲಿ ಬಿಟ್ಟುಕೊಂಡು ನಿಂತೆ. ಹುಡುಗಿಗೆ ಇದೊಂದೇ ಹಬ್ಬ. ಅದನ್ನು ನಾನು ಕ್ಷಾರದಲ್ಲಿ ನೆನೆಹಾಕಿ ಕುದಿಸಿಬಿಟ್ಟೆ. ಊರಿನ ಅಂಗಡಿಗಳೆಲ್ಲ ಮುಚ್ಚಿವೆ. ನನಗೆ ಒಂದೇ ದಾರಿ ಉಳಿದಿತ್ತು, ಅದು ಬೇಲಿಯಾಚೆಗೆ ಹೋಗುತ್ತಿತ್ತು. ಫೋನು ಎತ್ತಿದೆ.

"ಲವಾನ್, ಆ ಟರ್ಕಿ..."

"ಒಲೆಯಲ್ಲಿದೆ. ಟೀವಿ ನೋಡ್ತಾ ಕೂತು ಇಡೋದು ತಡವಾಯ್ತು. ಯಾಕೆ, ನಿನ್ನ ಮೀನು ಏನಾಯ್ತು?"

"ಏನೂ ಆಗ್ಲಿಲ್ಲ."

"ನಿಮ್ಮ ಕಿಟಕಿಗಳೆಲ್ಲ ತೆರೆದಿವೆಯಲ್ಲೇ ಆರ್ಡಿಸ್. ನಂಗೆ ಮೂಗಿಲ್ಲ ಅಂದ್ಕೊಂಡ್ಯಾ? ಮಕ್ಕಳನ್ನ ಕರ್ಕೊಂಡು ಬಾ. ಬರೋವಾಗ ಬೇರೆ ಕೋಟು ಹಾಕ್ಕೊಂಡು ಬಾ."

ಹಿಮದಲ್ಲಿ ನಾವು ನಾಲ್ವರೂ ಸಾಲಾಗಿ ಹೋದೆವು. ಮುಂದೆ ಟೋಪಿ ಮತ್ತೆ ಏರಿಸಿಕೊಂಡ ಸಿಲ್ಯೆ, ಫೋನಿನಲ್ಲಿ ಗುನ್‌ವರ್. ಹಿಂದೆ ಹಿಮದ ಪೈ ಹೊತ್ತ ನಾನು. ಲವಾನ್ ಲಿಪ್‌ಸ್ಟಿಕ್ ಹಚ್ಚಿಕೊಂಡು ಕಾದಿದ್ದಳು! ಒಲೆಯ ಬಾಗಿಲು ತೆರೆದು, ರಾಣಿಯ ಹಾಗೆ ಫೋನಿನ ಕಡೆ ಒಮ್ಮೆ ತಲೆಬಾಗಿ, ಟರ್ಕಿಯನ್ನು ಹೊರಗೆಳೆದಳು. ಹೊಳೆಯುವ ಹೊನ್ನಿನ ಬಣ್ಣ. ನಾರ್ವೆಯಲ್ಲಿ ಗುನ್‌ವರ್ ಚಪ್ಪಾಳೆ ತಟ್ಟಿದ್ದು ನಮಗೆಲ್ಲ ಕೇಳಿಸಿತು. ಸಿಲ್ಯೆ ಮತ್ತೆ ಅತ್ತಳು. ಈ ಸಲದ ಅಳು ಬೇರೆ ಥರದ್ದು ಎಂದು ನನಗೂ ತಿಳಿಯಿತು. ನಾನು ಕೊಂಡುತಂದ ಕೋಳಿ ಅದು. ಟರ್ಕಿ ಬೇಯಿಸುವುದರಲ್ಲಿ ಈ ಬೀದಿಯಲ್ಲಿ ನನ್ನನ್ನು ಮೀರಿಸಿದವರಿಲ್ಲ. ಬಾಯಿ ಮುಚ್ಚಿಕೊಂಡು ಬಾಗಿಲ ಹತ್ತಿರ ನಿಂತೆ.

ಊಟಕ್ಕೆ ಮುಂಚೆ ಒಬ್ಬೊಬ್ಬರೂ ಯಾವುದಕ್ಕೆ ಕೃತಜ್ಞರು ಎಂದು ಹೇಳುವುದು ರೂಢಿ. ಸಿಲ್ಯೆ ತನ್ನ ಅಜ್ಜಿಯ ಹೆಸರು ಹೇಳಿದಳು. ಡೆಸ್ಮಂಡ್ ಕೈ ಜೋಡಿಸಿ, "ಪಕ್ಕದಲ್ಲೇ ಇನ್ನೊಂದು ಮನೆ ಇರೋದಕ್ಕೆ," ಎಂದ. ನನ್ನ ಸರದಿ ಬಂದಾಗ ತಮ್ಮನ್ನು ಕೇಳದೆ ನಾನು ಬಡಿಸಿದ್ದನ್ನೂ ತಿಂದ ಮಕ್ಕಳಿಗೆ ಎಂದು ಹೇಗೋ ಹೇಳಿ ಮುಗಿಸಿದೆ.

ಮಾರನೆಯ ಬೆಳಿಗ್ಗೆ ಸಿಲ್ಯೆ ಕೂತು ನನ್ನ ಜೊತೆ ಕಪ್ಪಾದ ಬೆಳ್ಳಿ ಚಮಚಗಳನ್ನು ಉಜ್ಜಿದಳು. ಉಜ್ಜುತ್ತಾ ಉಜ್ಜುತ್ತಾ, "ಅಜ್ಜಿ, ನಿಮಗೆ ಆ ಮೀನು ಅಂದ್ರೆ ಅಷ್ಟು ಇಷ್ಟಾನಾ?" ಎಂದು ಕೇಳಿದಳು.

ಸುಳ್ಳು ಹೇಳಲು ಬಾಯಿ ತೆರೆದೆ. ಬರಲಿಲ್ಲ.

"ಇಲ್ಲ ಕಣಮ್ಮ. ಜನ್ಮದಲ್ಲಿ ಯಾವತ್ತೂ ಸೇರಿಲ್ಲ."

ಇಷ್ಟವಿದ್ದದ್ದು ಓರಿನ್‌ಗೆ. ನವೆಂಬರ್ ಬಂತೆಂದರೆ ಅವರ ಅಂಗಿ, ಕೂದಲು, ಕಾರಿನ ಸೀಟು, ಎಲ್ಲವೂ ಆ ವಾಸನೆಯೇ. ಮದುವೆಯಾದ ದಿನದಿಂದ ಮೂಗು ಹಿಡಿದುಕೊಂಡು ಬೈಯುತ್ತಲೇ ಬಂದೆ. ಅವರು ಹೋದ ಮೇಲೆ ಮನೆ ಒಳ್ಳೆಯ ಸೋಪಿನ ವಾಸನೆ ಹೊಡೆಯುತ್ತದೆ. ಬೈಯಲು ಏನೂ ಇಲ್ಲ. ಒಂದು ದಿನವಾದರೂ ಆ ನಾತ ಮನೆಯಲ್ಲಿರಲಿ ಅನ್ನಿಸಿತ್ತು. ಹಾಗೆಂದು ಯಾರಿಗೆ ಹೇಳುವುದು? ಅದಕ್ಕೆ ಹುಡುಗಿಯ ತವರು, ನನ್ನ ಅಜ್ಜಿಯ ಹಡಗು, ನಾರ್ವೆಯ ಬಾವುಟ, ಎಲ್ಲವನ್ನೂ ಅಡ್ಡ ಹಿಡಿದೆ. ನನ್ನ ದುಃಖಕ್ಕೆ ಅವಳ ಹಬ್ಬವನ್ನು ಪಾತ್ರೆಗೆ ಹಾಕಿದೆ. ಸಿಲ್ಯೆ ಚಮಚ ಬೆಳಕಿಗೆ ಹಿಡಿದು ನೋಡಿ, ಇನ್ನೊಮ್ಮೆ ಉಜ್ಜಿ, ನನ್ನ ಕೈಗೆ ಕೊಟ್ಟಳು.

ಕ್ರಿಸ್‌ಮಸ್ಸಿನ ಹಿಂದಿನ ದಿನ ಫೋನು ಬಂತು. ಪರದೆಯ ಮೇಲೆ ಸಿಲ್ಯೆ, ಪಕ್ಕದಲ್ಲಿ ಗುನ್‌ವರ್. ಮೊದಲ ಸಲ ಹುಡುಗಿ ಗೆಳತಿಯ ಮನೆಗೆ ಓಡಿಹೋಗದೆ ಅಜ್ಜಿಯ ಮೀನು ತಿಂದಳಂತೆ. ನನ್ನದು ತಿಂದ ಮೇಲೆ ಅಜ್ಜಿಯದು ಎಷ್ಟು ರುಚಿ ಎಂದು ಗೊತ್ತಾಯಿತಂತೆ! ಗುನ್‌ವರ್ ನನಗೆ ಅರ್ಥವಾಗಲೆಂದು ಮಗುವಿಗೆ ಹೇಳುವ ಹಾಗೆ ಒಂದೊಂದೇ ಮಾತು ಹೇಳಿದರು: "ಆರ್ಡಿಸ್, ಮೀನು ಬೇಯಿಸೋದು ಹೇಗೆ ಅಂತ ನಾನು ಹೇಳಿಕೊಡ್ತೀನಿ. ಆದ್ರೆ ಮೊದಲು ಆ ಪಕ್ಕದ ಮನೆಯವರನ್ನ ಕರಿ. ಟರ್ಕಿ ಬೇಯಿಸೋದು ಕೇಳಬೇಕು."

ಟರ್ಕಿ ಬೇಯಿಸುವುದು! ನನ್ನ ಎದುರಿಗೇ! ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡು ಕೋಟು ಹಾಕಿಕೊಂಡೆ. ನಾರ್ವೆಯನ್ನು ಕೈಯಲ್ಲಿ ಹಿಡಿದುಕೊಂಡು ಹಿಮ ತುಳಿಯುತ್ತ ಹೋಗಿ ಲವಾನ್ ಮನೆಯ ಬಾಗಿಲು ತಟ್ಟಿದೆ.

ಲವಾನ್ ಬಾಗಿಲನ್ನು ಪೂರ್ತಿ ತೆರೆಯಲಿಲ್ಲ. ಸಂದಿಯಲ್ಲಿ ಮೂಗು ಮಾತ್ರ ಹೊರಗಿಟ್ಟು ಒಮ್ಮೆ ಮೂಸಿ ಕೇಳಿದಳು:

"ಒಬ್ಬಳೇ ಬಂದಿದ್ದೀಯ ತಾನೆ? ಮೀನು ತಂದಿಲ್ಲ ತಾನೆ?"