ಭಾವನ ಖಾಲಿ ಕ್ಯಾಮೆರಾ

ನಮ್ಮಕ್ಕನನ್ನು ಭಾವ ಮದುವೆಯಾದದ್ದು ಗುಬ್ಬಿ ಕೆರೆಯ ಆಸೆಗೆ ಎಂದು ನನಗೆ ಇವತ್ತಿಗೂ ಅನುಮಾನ. ಹೆಣ್ಣು ನೋಡಲು ತುಮಕೂರಿನಿಂದ ಬಂದವರು ಉಪ್ಪಿಟ್ಟು ತಿಂದರು, ಕಾಫಿ ಕುಡಿದರು. "ಹುಡುಗೀನ ಏನಾದ್ರೂ ಕೇಳೋದಿದ್ರೆ ಕೇಳಿ" ಎಂದರು ನಮ್ಮಪ್ಪ. ಭಾವ ಗಂಟಲು ಸರಿಮಾಡಿಕೊಂಡು, "ನಿಮ್ಮೂರ ಕೆರೆಗೆ ಬಾತುಕೋಳಿ ಯಾವ ತಿಂಗ್ಳು ಬರ್ತವೆ?" ಎಂದು ಕೇಳಿದರು! ಅಕ್ಕ ತಗ್ಗಿಸಿದ ತಲೆ ಎತ್ತದೆ, "ಕಾರ್ತೀಕ ಕಳೀಲಿ" ಎಂದಳು. ಸಂಬಂಧ ಗಟ್ಟಿಯಾಯಿತು.

ಎಪ್ಪತ್ತರ ದಶಕದ ಮಾತು. ತುಮಕೂರಿನ ಶಿರಾ ಗೇಟಿನಲ್ಲಿ ಭಾವನದೊಂದು ಫೋಟೋ ಸ್ಟುಡಿಯೋ. ಹೆಸರಿಗೆ ಸ್ಟುಡಿಯೋ, ಬಾಗಿಲಿಗೆ ಸದಾ ಬೀಗ, ಯಜಮಾನರು ಯಾವುದೋ ಕೆರೆಯ ಜೊಂಡಿನಲ್ಲಿ. ಅವರ ಕ್ಯಾಮೆರಾ ಹೊಟ್ಟೆಯ ಹತ್ತಿರ ಹಿಡಿದು ಮೇಲಿನಿಂದ ಬಗ್ಗಿ ನೋಡುವ ಡಬ್ಬಿ. ಒಂದು ರೋಲಿಗೆ ಹನ್ನೆರಡೇ ಚಿತ್ರ. ದೂರದ್ದನ್ನು ಹತ್ತಿರ ತರುವ ಲೆನ್ಸು ಅದಕ್ಕಿಲ್ಲ, ಹಕ್ಕಿಯೇ ಹತ್ತಿರ ಬರಬೇಕು. ಬರಬೇಕಾದರೆ? ಭಾವ ಅಲ್ಲಿಲ್ಲ ಎಂದು ಅದು ನಂಬಬೇಕು! ಅದಕ್ಕೆ ಅವರದೊಂದು ವಿಧಾನ. ಮೊದಮೊದಲು ರೋಲು ಹಾಕದ ಖಾಲಿ ಕ್ಯಾಮೆರಾ ಹಿಡಿದು ದಿನಗಟ್ಟಲೆ ಕೂರುವುದು, ಆಗಾಗ ಸುಮ್ಮನೆ 'ಟಿಕ್' ಅನ್ನಿಸುವುದು. ಹಕ್ಕಿಗೆ ಮನುಷ್ಯನೂ ರೂಢಿಯಾಗಬೇಕು, ಸದ್ದೂ ರೂಢಿಯಾಗಬೇಕು. ರೋಲು ಆಮೇಲೆ.

ಮದುವೆಯಾದ ವರ್ಷವೇ ಅಕ್ಕನೊಂದಿಗೆ ನಮ್ಮೂರಿಗೆ ಬಂದು, ಕೆರೆಯ ಅಂಚಿನಲ್ಲಿ ನಾಲ್ಕು ಕಡ್ಡಿ ನೆಟ್ಟು, ಮೇಲೊಂದು ಹಸಿರು ಬಟ್ಟೆ ಹೊದಿಸಿ ಒಳಗೆ ಕೂತರು. ಬುತ್ತಿ ಕೊಡಲು ಹೋದ ಅಕ್ಕ ಆ ಬಟ್ಟೆಯ ಜರಿ ಅಂಚು ನೋಡಿ ಕಿರುಚಿಕೊಂಡಳು.

"ಅಯ್ಯೋ, ನನ್ನ ಧಾರೆ ಸೀರೆ!"

"ಮೆಲ್ಲಗೆ ಕಣೇ. ಹಸಿರು ಬಣ್ಣ, ಹಕ್ಕಿಗೆ ಅನುಮಾನ ಬರಲ್ಲ."

"ನನಗೆ ಬರುತ್ತೆ! ನೀವು ಮನುಷ್ಯರೋ ಅಲ್ವೋ ಅಂತ!"

ಆದರೆ ಆ ಸೀರೆಯ ಮರೆಯಿಂದ ತೆಗೆದ, ನೀರು ಚಿಮ್ಮಿಸಿ ಮೇಲೇಳುವ ಬಾತುಕೋಳಿಯ ಚಿತ್ರವನ್ನು ನೋಡಿದವಳು ಮರುದಿನದಿಂದ ತಾನೇ ಬುತ್ತಿಗೆ ಇನ್ನೊಂದು ಮುದ್ದೆ ಸೇರಿಸಿದಳು.

ಇನ್ನೊಮ್ಮೆ ಹುಲಿಯೂರುದುರ್ಗದ ಬೆಟ್ಟದಲ್ಲಿ ಮೂರು ದಿನ ಚಿರತೆಗೆ ಕಾದರು. ಕುಣಿಗಲ್ ಬಸ್ಸಿನಿಂದ ಇಳಿದವರ ಮೈಯೆಲ್ಲ ಮುಳ್ಳು ಗೀರಿದ ಗಾಯ.

"ಸಿಕ್ತಾ ಭಾವ?"

"ಇಪ್ಪತ್ತಡೀಲಿ ನಿಂತಿತ್ತು ಕಣೋ. ತೆಗೀಲಿಲ್ಲ."

"ಯಾಕೆ?"

"ನನ್ನ ನೋಡ್ಬಿಡ್ತು. ಪ್ರಾಣಿ ನಮ್ಮನ್ನ ನೋಡ್ತು ಅಂದ್ರೆ ಚಿತ್ರ ಕೆಟ್ಟೋಯ್ತು ಅಂತ ಲೆಕ್ಕ."

"ಹಾರಿ ಬಿದ್ದಿದ್ರೆ ನೀವೇ ಕೆಟ್ಟೋಗ್ತಿದ್ರಲ್ಲ!"

"ಅದು ಬುಡು. ಬೆಳಕು ಏನ್ ಚೆನ್ನಾಗಿತ್ತು ಅಂತೀಯ!"

ಇಂಥ ಮಹಾನುಭಾವರಿಗೆ ಕ್ಯಾಮೆರಾದಲ್ಲಿ ಸಿಗದೇ ಉಳಿದ ಪ್ರಾಣಿ ಮನೆಯಲ್ಲೇ ಇತ್ತು: ಅವರ ತಾಯಿ! ಫೋಟೋ ತೆಗೆಸಿಕೊಂಡರೆ ಆಯಸ್ಸು ಕಡಿಮೆಯಾಗುತ್ತದೆ ಎಂದು ಆಕೆಯ ಗಟ್ಟಿ ನಂಬಿಕೆ. ಗಂಡ ಫೋಟೋ ತೆಗೆಸಿಕೊಂಡ ವರ್ಷವೇ ತೀರಿಹೋಗಿದ್ದರಂತೆ. ಕ್ಯಾಮೆರಾ ಕಂಡರೆ ಸಾಕು, ಸೆರಗು ಮುಖದ ಮೇಲೆ. ಎಂಬತ್ತನೇ ಇಸವಿಯ ಸುಮಾರಿಗೆ ಆ ಅಮ್ಮನಿಗೆ ಉಬ್ಬಸ ಹೆಚ್ಚಾಯಿತು. ಮನೆಯಲ್ಲಿ ಆಕೆಯದೊಂದು ಚಿತ್ರವೂ ಇಲ್ಲವಲ್ಲ ಎಂದು ಭಾವ ಒದ್ದಾಡಿಹೋದರು.

ಅದು ಅವರೆಕಾಯಿ ಕಾಲ. ಅಮ್ಮ ದಿನಾ ಹಿತ್ತಿಲ ಬಾಗಿಲಲ್ಲಿ ಬೆಳಕಿಗೆ ಕೂತು, ನೆನೆಸಿದ ಅವರೆಕಾಳನ್ನು ಹಿತಕಿ ಸಿಪ್ಪೆ ತೆಗೆಯುತ್ತಿದ್ದರು. ಎದುರಿಗೆ ಭಾವನೂ ಹೋಗಿ ಕೂತರು! ತೊಡೆಯ ಮೇಲೆ ಖಾಲಿ ಕ್ಯಾಮೆರಾ, ಅದರ ಮೇಲೆ ಟವೆಲ್ಲು, ಕೈಯಲ್ಲಿ ಅವರೆಕಾಳು.

'ಟಿಕ್.'

"ಏನ್ಲಾ ಅದು ಸದ್ದು?"

"ಕಾಳು ಕಣಮ್ಮ. ಸಿಪ್ಪೆ ಬಿಡ್ತದೆ."

ಒಂದು ತಿಂಗಳು ಹೀಗೇ ನಡೆಯಿತು. ಮನೆಮಂದಿಯೆಲ್ಲ ಹಿತಕಿದ ಬೇಳೆ ಸಾರು ತಿಂದು ತಿಂದು ಸುಸ್ತು. ಕೊನೆಗೊಂದು ಬೆಳಿಗ್ಗೆ ಭಾವ ರೋಲು ಹಾಕಿದರು. ಟವೆಲ್ಲು ಸರಿಸಿದರು, ಬಗ್ಗಿದರು, ಒಮ್ಮೆ ಒತ್ತಿದರು. ತೊಳೆದು ನೋಡಿದರೆ, ಅಮ್ಮ ನೇರವಾಗಿ ಲೆನ್ಸನ್ನೇ ನೋಡಿ ನಗುತ್ತಿದ್ದಾರೆ!

"ಆ ಕ್ಷಣಕ್ಕೇ ತಲೆ ಎತ್ಬಿಟ್ಳು. ಕೆಟ್ಟೋಯ್ತು" ಎಂದು ಚಿತ್ರವನ್ನು ಡ್ರಾಯರಿಗೆ ಹಾಕಿದರು.

ನಾಲ್ಕು ತಿಂಗಳಿಗೆ ಅಮ್ಮ ಹೋಗಿಬಿಟ್ಟರು. ಭಾವ ಕ್ಯಾಮೆರಾವನ್ನು ಪೆಟ್ಟಿಗೆಯಲ್ಲಿಟ್ಟರು. ಕಾರ್ತೀಕ ಕಳೆಯಿತು, ಕೆರೆಗೆ ಬಾತುಕೋಳಿ ಬಂದವು. ಕರೆಯಲು ಹೋದ ನನ್ನ ಕೈ ಹಿಡಿದುಕೊಂಡು, "ಬ್ಯಾಡ ಅಂತಿದ್ಳು. ಕದ್ದು ತೆಗ್ದೆ. ನಾನೇ ಅಮ್ಮನ ಆಯಸ್ಸು ತೆಗ್ದೆ ಕಣೋ" ಎಂದು ಅತ್ತುಬಿಟ್ಟರು. ಅಲ್ಲಿಯವರೆಗೆ ನನಗೆ ಗೊತ್ತಿದ್ದದ್ದು ಅವರನ್ನು ನೋಡಿ ನಗುವುದಷ್ಟೇ.

ಬಾಗಿಲಲ್ಲಿ ನಿಂತಿದ್ದ ಅಕ್ಕ ಒಳಗೆ ಬಂದಳು.

"ಅತ್ತೆ ಹೇಳ್ಬೇಡ ಅಂದಿದ್ರು, ಈಗ ಹೇಳ್ತೀನಿ. ನೀವು ರೋಲು ಹಾಕೋದನ್ನ ಅವತ್ತು ಅವ್ರು ನೋಡಿದ್ರು. ಬಂದು ನನ್ನ ಹತ್ರ ಒಗೆದ ಸೀರೆ ಕೇಳಿ ಉಟ್ಕೊಂಡ್ರು. 'ಆಯಸ್ಸು ಹೋದ್ರೆ ಹೋಗ್ಲಿ ಬುಡು, ತಿಂಗ್ಳಿಂದ ಕಾಲು ಜೋಮು ಹಿಡಿಸ್ಕಂಡು ಕುಂತವ್ನೆ ನನ್ನ ಮಗ. ನಂಗೆ ಗೊತ್ತು ಅಂತ ಹೇಳ್ಬ್ಯಾಡ ಕಣವ್ವ, ಅಷ್ಟು ಕಷ್ಟಪಟ್ಟು ಅಡಗಿಕಂಡವ್ನೆ, ಬೇಜಾರು ಮಾಡ್ಕಂತಾನೆ' ಅಂದ್ರು."

ಭಾವ ಎದ್ದು ಡ್ರಾಯರ್ ಎಳೆದರು. ಆ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದರು.

ಶಿರಾ ಗೇಟಿನ ಸ್ಟುಡಿಯೋದ ಗೋಡೆಯ ಚಿತ್ರಗಳಲ್ಲಿ ಈಗಲೂ ಹಕ್ಕಿಗಳೆಲ್ಲ ತಮ್ಮ ಪಾಡಿಗೆ ಅತ್ತ ಇತ್ತ ನೋಡುತ್ತಿವೆ. ಅವುಗಳ ನಡುವೆ ಅಮ್ಮ ಒಬ್ಬರೇ ಮಗನನ್ನು ನೋಡುತ್ತಿದ್ದಾರೆ.