ಏಳು ಕೆಂಪು ಗುಂಡಿ, ಐದು ನೀಲಿ ಗುಂಡಿ

ಒಂದನೇ ತರಗತಿಯ ಲೆಕ್ಕದ ಪಾಠಕ್ಕೆ ನೂರು ಮರದ ಮಣಿ ಬೇಕೆಂದು ಅರ್ಮಾಸ್ ಆಗಸ್ಟ್‌ನಲ್ಲೇ ಬರೆದು ಕಳಿಸಿದ್ದ. ಸೆಪ್ಟೆಂಬರಿನ ಒಂದು ಗುರುವಾರ ಬೆಳಿಗ್ಗೆ ಪೆಟ್ಟಿಗೆ ಬಂತು. ಒಡೆದು ನೋಡಿದರೆ ಒಳಗೆ ಕಾಲು ಮಡಚಿಕೊಂಡು ಮಲಗಿದ್ದದ್ದು ಪ್ಲಾಸ್ಟಿಕ್ಕಿನ ಅಸ್ಥಿಪಂಜರ. ಎಲ್ಲೋ ಯಾವುದೋ ಹೈಸ್ಕೂಲಿನಲ್ಲಿ ಜೀವಶಾಸ್ತ್ರದ ಮೇಷ್ಟ್ರೊಬ್ಬರು ನೂರು ಮಣಿ ಮುಂದಿಟ್ಟುಕೊಂಡು ತಲೆ ಕೆರೆದುಕೊಳ್ಳುತ್ತಿದ್ದಿರಬೇಕು.

“ಪಕ್ಕೆಲುಬು ಎಣಿಸ್ಲಿ ಬಿಡಿ ಮೇಷ್ಟ್ರೇ,” ಎಂದಳು ಶಾಲೆಯ ಅಡುಗೆಯ ರೈಯಾ. ಗುರುವಾರದ ಬಟಾಣಿ ಸೂಪಿನ ಸೌಟು ಕೈಯಲ್ಲೇ ಇತ್ತು. “ಇಪ್ಪತ್ನಾಲ್ಕಿರುತ್ತೆ. ಕಳೆಯೋ ಲೆಕ್ಕಕ್ಕೆ ಒಂದೊಂದೇ ಮುರಿದ್ರಾಯ್ತು.”

ಅರ್ಮಾಸ್‌ಗೆ ನಗು ಬರಲಿಲ್ಲ. ಅದೇ ಸಂಜೆ ಆರಕ್ಕೆ ಪೋಷಕರ ಸಭೆಯಿತ್ತು. ಪುರಸಭೆಯ ಶಿಕ್ಷಣಾಧಿಕಾರಿ ಕಾರ್ಪಿನೆನ್ ಮೇಡಂ ಬಂದು, ಊರಿನವರೆದುರೇ ಅವನ ಕೂಡುವ ಲೆಕ್ಕದ ಪಾಠ ನೋಡಿ, ಅವನ ಕೆಲಸ ಕಾಯಂ ಮಾಡಬೇಕೋ ಬೇಡವೋ ಹೇಳುವವರಿದ್ದರು. ಮೂರು ವರ್ಷದಿಂದ ಅವನು ಹಂಗಾಮಿ. ಪ್ರತಿ ಜೂನ್‌ನಲ್ಲಿ ಕೆಲಸ ಹೋಗುತ್ತಿತ್ತು, ಪ್ರತಿ ಆಗಸ್ಟ್‌ನಲ್ಲಿ ಮತ್ತೆ ಸಿಗುತ್ತಿತ್ತು. ನಡುವಿನ ಎರಡು ತಿಂಗಳು ಊರೆಲ್ಲ ಸರೋವರದಲ್ಲಿ ಈಜುತ್ತಿದ್ದರೆ ಅವನು ದಡದಲ್ಲಿ ಕೂತು ಉಗುರು ಕಚ್ಚುತ್ತಿದ್ದ. ಆದರೂ ಕುಯಿಕ್ಕಪೆರಾ ಎಂಬ ಆ ಪುಟ್ಟ ಊರಿನ ಮೇಲೆ, ತರಗತಿಯ ಎಂಟು ಮಕ್ಕಳ ಮೇಲೆ ಅವನಿಗೆ ಜೀವ.

“ಮುಖ ಯಾಕೆ ಹಾಗೆ ಮಾಡ್ತೀರಿ? ಗುಂಡಿ ತನ್ನಿ,” ಎಂದಳು ರೈಯಾ. “ಕೋಟಿನ ಗುಂಡಿ, ಅಂಗಿ ಗುಂಡಿ. ಹಳೇ ಗುಂಡಿ ಡಬ್ಬ ಇಲ್ದಿರೋ ಮನೆ ಈ ಊರಲ್ಲಿ ಯಾವ್ದಿದೆ? ಐದಾರು ಮನೆ ಸುತ್ತಿದ್ರೆ ನೂರೇನು, ಸಾವಿರ ಸಿಗುತ್ತೆ. ಬೇಗ ಹೋಗಿ ಬೇಗ ಬನ್ನಿ.”

ಬೇಗ ಹೋಗಬಹುದಿತ್ತು. ಬೇಗ ಬರುವುದು ಮಾತ್ರ ಆ ಊರಿನಲ್ಲಿ ಹುಟ್ಟಿದವರಿಗೂ ಸಾಧ್ಯವಾಗಿರಲಿಲ್ಲ. ಹೊಸಿಲು ದಾಟಿದವನಿಗೆ ಕಾಫಿ, ಜೊತೆಗೆ ಏಲಕ್ಕಿ ಹಾಕಿದ ಬನ್ನು. ಒಂದೇ ಕಪ್ಪಿಗೆ ಎದ್ದರೆ ಕಾಫಿ ಚೆನ್ನಾಗಿಲ್ಲವೆಂದು ಅರ್ಥ, ಹಾಗಾಗಿ ಎರಡು. ಬೇಡವೇ ಬೇಡ ಎಂದವನಿಗೆ ಆ ಮನೆಯ ಬಾಗಿಲು ಹತ್ತು ವರ್ಷ ತೆರೆಯುವುದಿಲ್ಲ. ಮಕ್ಕಳನ್ನು ಮನೆಗೆ ಕಳಿಸಿ, ಮಧ್ಯಾಹ್ನ ಸೈಕಲ್ ಹತ್ತಿದ ಅರ್ಮಾಸ್ ನಾಲ್ಕು ಮನೆ ಮುಗಿಸುವಷ್ಟರಲ್ಲಿ ಎಂಟು ಕಪ್ಪು ಕಾಫಿ ಇಳಿಸಿದ್ದ.

ಗುಂಡಿಯನ್ನೇನೋ ಧಾರಾಳವಾಗಿ ಕೊಟ್ಟರು. ಆದರೆ ಬರೀ ಗುಂಡಿಯನ್ನು ಯಾರೂ ಕೊಡಲಿಲ್ಲ, ಜೊತೆಗೆ ಅದರ ಪುರಾಣವೂ ಬಂತು.

“ಇದು ನಮ್ಮೆಜಮಾನ್ರು ಸೈನ್ಯದಲ್ಲಿದ್ದಾಗಿನ ಕೋಟಿಂದು. ಕೆಳಗೆ ಬೀಳಿಸ್ಬಾರ್ದು.”

“ಇದು ನನ್ ಮಗಳ ನಾಮಕರಣದ ಅಂಗೀದು. ಬಾಯಿಗೆ ಹಾಕ್ಕೊಳೋ ಮಕ್ಕಳಿಗೆ ಕೊಡ್ಬೇಡಿ, ತಿಳೀತಾ?”

ಒಬ್ಬ ಮುದುಕನಂತೂ ಡಬ್ಬದಲ್ಲಿ ಹುಡುಕಿ, ಹತ್ತಕ್ಕೆ ಒಂದು ಕಡಿಮೆಯಾಯಿತೆಂದು ತೊಟ್ಟ ಅಂಗಿಯ ಗುಂಡಿಯನ್ನೇ ಚಾಕುವಿನಿಂದ ಕತ್ತರಿಸಿ ಕೊಟ್ಟ. ಇಂಥ ಜನ ತನಗೆ ಬೇರೆಲ್ಲಿ ಸಿಗುತ್ತಾರೆ ಎಂದುಕೊಂಡ ಅರ್ಮಾಸ್. ಯಾರದು ಯಾವುದು ಎಂದು ಚೀಟಿ ಬರೆದುಕೊಳ್ಳಲು ಹೋದರೆ ಕಾಫಿಯ ಹೊಡೆತಕ್ಕೆ ಅಕ್ಷರಗಳು ಕಾಗದದ ಮೇಲೆ ಕುಣಿದವು.

ಐದನೆಯದು ಲೆಂಪಿ ಅಜ್ಜಿಯ ಮನೆ. ಆಕೆ ಪೆಟ್ಟಿಗೆಯ ತಳದಿಂದ ಜಾಮಿನ ಗಾಜಿನ ಬಾಟಲಿಯೊಂದನ್ನು ತೆಗೆದಳು. ಒಳಗೆ ಕೆಂಪು ಗುಂಡಿಗಳಿದ್ದವು, ಒಂದೊಂದೂ ಕಾಡುಹಣ್ಣಿನ ಹಾಗೆ ಹೊಳೆಯುತ್ತಿತ್ತು.

“ನನ್ನ ಹರೆಯದ ಕೋಟಿಂದು, ತಮ್ಮಾ. ಏಳಿದೆ. ಎಂಟಿತ್ತು. ಕುಣಿತದ ದಿನ ಒಂದು ಮಾಯ ಆಯ್ತು. ಎಲ್ಲಿ ಹೋಯ್ತು ಅಂತ ಬೇಲಿ ಆಚೆ ಕೇಳಿ.”

ಬೇಲಿಯಾಚೆ ಇದ್ದವಳು ಹಿಲ್ಯಾ ಅಜ್ಜಿ. ಒಂದು ಕಾಲಕ್ಕೆ ಜೀವದ ಗೆಳತಿಯರಾಗಿದ್ದ ಇವರಿಬ್ಬರೂ ಮಾತು ಬಿಟ್ಟು ನಲವತ್ತೊಂದು ವರ್ಷವಾಗಿತ್ತು. ರಸ್ತೆಯಂಚಿನಲ್ಲಿ ಇಬ್ಬರ ಅಂಚೆ ಡಬ್ಬಗಳೂ ಹೆಗಲಿಗೆ ಹೆಗಲು ತಾಗಿಸಿ ನಿಂತಿದ್ದರೂ, ಲೆಂಪಿ ಹತ್ತಕ್ಕೆ ಹೋದರೆ ಹಿಲ್ಯಾ ಹತ್ತೂವರೆಗೇ ಹೋಗುವುದು. ಜಗಳ ಏತಕ್ಕೆಂದು ಊರಿಗೆಲ್ಲ ಗೊತ್ತು, ಆದರೆ ಯಾರೂ ಬಾಯಿ ಬಿಡುತ್ತಿರಲಿಲ್ಲ.

“ಇವನ್ನ ಅವಳ ಗುಂಡಿ ಜೊತೆ ಬೆರೆಸ್ಬಾರ್ದು. ಮಾತು ಕೊಡಿ,” ಎಂದಳು ಲೆಂಪಿ. ಅರ್ಮಾಸ್ ಮಾತು ಕೊಟ್ಟ. ಹತ್ತು ಕಪ್ಪು ಕಾಫಿ ಕುಡಿದವನು ಯಾರು ಏನು ಕೇಳಿದರೂ ಕೊಡುತ್ತಾನೆ.

ಹಿಲ್ಯಾ ಅಜ್ಜಿಯ ಅಡುಗೆಮನೆಯಲ್ಲಿ ಅವಳ ಮೊಮ್ಮಗಳು ಹೆಲ್ಮಿ ಬನ್ನು ತಿನ್ನುತ್ತಾ ಕೂತಿದ್ದಳು. ಅರ್ಮಾಸ್‌ನ ಎಂಟು ಮಕ್ಕಳಲ್ಲಿ ಒಬ್ಬಳು. ಕಾಫಿ ಬಗ್ಗಿಸುತ್ತಿದ್ದ ಅಜ್ಜಿಯ ಕಣ್ಣು ಅವನ ಚೀಲದಲ್ಲಿದ್ದ ಕೆಂಪು ಗುಂಡಿಗಳ ಮೇಲೆ ಬಿತ್ತು. ಕಾಫಿ ಸಾಸರಿಗೆ ಚೆಲ್ಲಿತು.

“ಏಳೇನಾ?”

“ಏಳೇ, ಅಜ್ಜಿ.”

ಆಕೆ ಸಾಸರು ಒರೆಸಿದಳು. ಆಮೇಲೆ ಐದು ನೀಲಿ ಗುಂಡಿಗಳನ್ನು ಇನ್ನೊಂದು ಬಾಟಲಿಗೆ ಹಾಕಿ ಕೊಟ್ಟಳು. “ನನ್ನವೂ ಬೇರೇನೇ ಇರ್ಲಿ. ಬೆರೆಸ್ಬೇಡಿ.”

ಅದಕ್ಕೂ ಅವನು ತಲೆಯಾಡಿಸಿದ. ಬನ್ನು ತಿನ್ನುತ್ತಿದ್ದ ಹೆಲ್ಮಿ ಎಲ್ಲವನ್ನೂ ಕೇಳಿಸಿಕೊಂಡಳು.

ಸಂಜೆ ಆರಕ್ಕೆ ಶಾಲೆ ತುಂಬಿತ್ತು. ಪೋಷಕರಿಗಿಂತ ಗುಂಡಿ ಕೊಟ್ಟವರೇ ಹೆಚ್ಚು ಬಂದಿದ್ದರು. ತಮ್ಮ ಗುಂಡಿ ಯಾವ ಮಗುವಿನ ಕೈಯಲ್ಲಿದೆ ಎಂದು ಕತ್ತು ಚಾಚಿ ಹುಡುಕುತ್ತಿದ್ದರು. ಗುಂಡಿಯಿಲ್ಲದ ಆ ಹಳೇ ಕೋಟನ್ನೇ ಹೊದ್ದು ಬಂದ ಲೆಂಪಿ ಎಡಗೋಡೆಗೆ, ಹಿಲ್ಯಾ ಬಲಗೋಡೆಗೆ ಆತು ಕೂತಿದ್ದರು.

ಪಾಠ ಸೊಗಸಾಗಿ ಸಾಗಿತು. ಮಕ್ಕಳು ಮೂರಕ್ಕೆ ನಾಲ್ಕು ಕೂಡಿಸಿದರು, ಆರಕ್ಕೆ ಎರಡು ಕೂಡಿಸಿದರು. ಕಾರ್ಪಿನೆನ್ ಮೇಡಂ ಪುಸ್ತಕದಲ್ಲಿ ಬರೆದುಕೊಳ್ಳುತ್ತಾ ಎರಡು ಬಾರಿ ನಕ್ಕರು. ಅರ್ಮಾಸ್‌ನ ಎದೆ ಹಗುರಾಯಿತು. ಆಗ ಮೇಡಂ ಕಣ್ಣಿಗೆ ಮೇಜಿನ ಮೇಲಿದ್ದ ಎರಡು ಬಾಟಲಿ ಬಿದ್ದವು.

“ಎಷ್ಟು ಚೆನ್ನಾಗಿವೆ! ಇದ್ರಲ್ಲಿ ಏಳು, ಇದ್ರಲ್ಲಿ ಐದು. ಪುಟ್ಟಿ, ನೀನು ಬಾ. ಎರಡನ್ನೂ ಈ ತಟ್ಟೆಗೆ ಸುರಿದು ಕೂಡಿಸು ನೋಡೋಣ.”

ಕರೆದದ್ದು ಹೆಲ್ಮಿಯನ್ನೇ. ಅವಳು ಬಂದು ಬಾಟಲಿಗಳನ್ನು ನೋಡಿ, ಕೈಗಳೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡಳು.

“ಕೂಡಿಸೋಕಾಗಲ್ಲ.”

“ಯಾಕೆ ಪುಟ್ಟಿ?”

“ಇವು ಲೆಂಪಿ ಅಜ್ಜೀದು. ಇವು ನಮ್ಮಜ್ಜೀದು. ಅವರಿಬ್ರೂ ಮಾತಾಡಲ್ಲ.”

ಊರೇ ನಲವತ್ತೊಂದು ವರ್ಷ ಬಾಯಿಗೆ ಬೀಗ ಹಾಕಿಕೊಂಡು ಕಾಪಾಡಿದ್ದನ್ನು ಏಳು ವರ್ಷದ ಮಗು ಒಂದು ಉಸಿರಿನಲ್ಲಿ ಹೇಳಿ ಮುಗಿಸಿತ್ತು. ಮೇಡಂ ಹುಬ್ಬೇರಿಸಿ ಅರ್ಮಾಸ್‌ನತ್ತ ನೋಡಿದರು.

ಬಲಗೋಡೆಯ ಹತ್ತಿರ ಕುರ್ಚಿ ಕಿರುಗುಟ್ಟಿತು. ಹಿಲ್ಯಾ ಅಜ್ಜಿ ಎದ್ದು ಬಂದು ಮೊಮ್ಮಗಳ ಪಕ್ಕ ನಿಂತಳು. “ಕೂಡಿಸೋಣ ಮಗು,” ಎಂದಳು. ಹಾಗೆಂದು ಎಡಗೋಡೆಯತ್ತ ನೋಡಿದಳು. ಲೆಂಪಿ ಸೂರು ನೋಡಿದಳು, ಕಿಟಕಿ ನೋಡಿದಳು. ಕೊನೆಗೆ ಉಸಿರನ್ನು ಒಳಗೆಳೆದುಕೊಳ್ಳುತ್ತಾ ಸಣ್ಣಗೆ “ಹೂಂ” ಅಂದಳು. ಅಲ್ಲಿಯ ಜನ ಮನಸ್ಸಿನಿಂದ ಒಪ್ಪಿದರೆ ಹಾಗೇ ಹೇಳುವುದು.

ಹಿಲ್ಯಾ ಕೋಟಿನ ಜೇಬಿನಿಂದ ಕೈ ತೆಗೆದು, ಬಾಟಲಿಗಳೆರಡನ್ನೂ ತಾನೇ ತಟ್ಟೆಗೆ ಸುರಿದಳು. ಆಮೇಲೆ ಪಕ್ಕಕ್ಕೆ ಸರಿದಳು. ಹೆಲ್ಮಿ ಬೆರಳಿಟ್ಟು ಎಣಿಸಿದಳು.

“ಹದಿಮೂರು!”

“ಇನ್ನೊಂದ್ಸಲ,” ಎಂದರು ಮೇಡಂ.

ಹೆಲ್ಮಿ ಇನ್ನೊಂದು ಸಲ ಎಣಿಸಿದಳು. “ಹದಿಮೂರೇ.”

ಅರ್ಮಾಸ್ ತಟ್ಟೆಯತ್ತ ಬಗ್ಗಿದ. ನೀಲಿ ಐದು ಇದ್ದವು. ಕೆಂಪು ಎಂಟಿದ್ದವು. ತಲೆಯೆತ್ತಿದರೆ ಹಿಲ್ಯಾಳ ಮುಖವೂ ಆ ಗುಂಡಿಯಷ್ಟೇ ಕೆಂಪಾಗಿತ್ತು. ಆಚೆ ಲೆಂಪಿ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು.

“ಮೇಷ್ಟ್ರೇ,” ಎಂದರು ಮೇಡಂ, “ಏಳಕ್ಕೆ ಐದು ಕೂಡಿಸಿದ್ರೆ ಎಷ್ಟು?”

ಬಿಸಿ ತುಪ್ಪ ಬಾಯಿಗೆ ಬಂದಿತ್ತು, ನುಂಗುವಂತೆಯೂ ಇರಲಿಲ್ಲ, ಉಗುಳುವಂತೆಯೂ ಇರಲಿಲ್ಲ. ಹನ್ನೆರಡು ಎಂದರೆ ಕೆಲಸ ಕಾಯಂ, ಆದರೆ ಸರಿಯಾಗಿ ಎಣಿಸಿದ ಮಗುವಿನದು ತಪ್ಪಾಗುತ್ತಿತ್ತು. ನಡೆದದ್ದನ್ನು ಬಿಡಿಸಿ ಹೇಳಿದರೆ ಊರೆದುರು ಒಬ್ಬ ಮುದುಕಿ ಕಳ್ಳಿಯಾಗುತ್ತಿದ್ದಳು. ಮಧ್ಯಾಹ್ನವಷ್ಟೇ ತನಗೆ ಅಂಗಿಯ ಗುಂಡಿಯನ್ನೂ ಕಿತ್ತು ಕೊಟ್ಟ ಊರು ಅದು.

“ಇವತ್ತು ಹದಿಮೂರು, ಮೇಡಂ,” ಎಂದ ಅರ್ಮಾಸ್.

“ಇವತ್ತು?”

“ಹೌದು. ನಾಳೆಯಿಂದ ಹನ್ನೆರಡು.”

ಮೇಡಂ ಬಹಳ ಹೊತ್ತು ಬರೆದುಕೊಂಡರು. ಹೊರಡುವಾಗ ಅವನನ್ನು ಬಾಗಿಲ ಬಳಿ ಕರೆದು, “ಇನ್ನೊಂದು ವರ್ಷ ಹಂಗಾಮಿಯಾಗೇ ಇರಿ. ಶನಿವಾರ ಶನಿವಾರ ಕೂಡುವ ಲೆಕ್ಕದ ತರಬೇತಿ ನಡೆಯುತ್ತೆ, ನಿಮ್ಮ ಹೆಸರು ಸೇರಿಸ್ತೀನಿ,” ಎಂದು ಮೆತ್ತಗೆ ಹೇಳಿ ಕಾರು ಹತ್ತಿದರು. ಅಷ್ಟರಲ್ಲಿ ಹದಿಮೂರರ ಗುಟ್ಟು ಇಡೀ ಕೋಣೆಗೆ ಗೊತ್ತಾಗಿತ್ತು. ಮೇಡಂಗೆ ಮಾತ್ರ ಯಾರೂ ಹೇಳಲಿಲ್ಲ. ನಮ್ಮೂರ ಹೆಂಗಸಿನ ಮಾತನ್ನು ಪುರಸಭೆಗೆ ಯಾರು ಮುಟ್ಟಿಸುತ್ತಾರೆ?

ಒಳಗೆ ಬಂದರೆ ಲೆಂಪಿ ರೈಯಾಳಿಂದ ಸೂಜಿದಾರ ಇಸಕೊಂಡು ಕೂತಿದ್ದಳು. ಎಂಟೂ ಸಿಕ್ಕಿದ ಮೇಲೆ ಕೋಟು ಹಾಗೇ ಬಿಡುವುದುಂಟೇ? ಹಿಲ್ಯಾ ಅವಳಿಗೆ ದಾರ ಪೋಣಿಸಿ ಕೊಡುತ್ತಿದ್ದಳು. ಅದನ್ನು ಕಂಡ ಉಳಿದವರಿಗೂ ತಂತಮ್ಮ ಗುಂಡಿಯ ಮೇಲೆ ಇದ್ದಕ್ಕಿದ್ದಂತೆ ಅಕ್ಕರೆ ಉಕ್ಕಿತು. “ನಮ್ಮೆಜಮಾನ್ರದು ಇಲ್ಲಿದೆ ನೋಡಿ.” “ನಾಮಕರಣದ್ದು ಕೊಡಿ, ಕಳೆದುಹೋದ್ರೆ ಕಷ್ಟ.” ಹತ್ತು ನಿಮಿಷದಲ್ಲಿ ಮೇಜು ಖಾಲಿಯಾಯಿತು. ಬೆಳಿಗ್ಗೆ ಮೊದಲ ಪಾಠವೇ ಲೆಕ್ಕ, ಎಣಿಸಲು ಮೇಷ್ಟ್ರ ಹತ್ತು ಬೆರಳು ಬಿಟ್ಟರೆ ಬೇರೇನೂ ಉಳಿದಿರಲಿಲ್ಲ.

ಆದರೂ ಅರ್ಮಾಸ್‌ಗೆ ಅಳು ಬರಲಿಲ್ಲ. ಒಂದು ವರ್ಷವಾದರೂ ಈ ಜನರ ನಡುವೆ ಇರಬಹುದಲ್ಲ ಎಂದು ಅವನಿಗೆ ನಿಜಕ್ಕೂ ಸಂತೋಷವಾಯಿತು. ಹಿಲ್ಯಾ ತನ್ನ ಐದನ್ನು ಜೇಬಿಗೆ ಹಾಕಿಕೊಂಡು ಅವನ ಹತ್ತಿರ ಬಂದಳು.

“ಹನ್ನೆರಡು ಅಂದಿದ್ರೆ ಕೆಲಸ ಸಿಕ್ತಿತ್ತು ನಿಮಗೆ.”

“ಸಿಕ್ತಿತ್ತು ಅಜ್ಜಿ. ಆದ್ರೆ ಹೆಲ್ಮಿ ಸರಿಯಾಗೇ ಎಣಿಸಿದ್ಲಲ್ಲ.”

ಆಕೆ ಅವನ ಕೈ ಹಿಡಿದುಕೊಂಡಳು. ಹಿಂದಿನಿಂದ ಲೆಂಪಿ ಕೂಗಿದಳು: “ಹಿಲ್ಯಾ, ಬಾರೇ. ದಾರ ತುಂಡಾಯ್ತು.”