ನಡುಮನೆಯ ಕಿಟಕಿ, ಆಫ್ರಿಕಾದ ಮೀನುಗಳು ಮತ್ತು ಅತ್ತೆಯವರ ಹೊಲಿಗೆ ಯಂತ್ರದ ಕುರಿತು

ಮನೆ ಆಡಳಿತ ವಿಭಾಗ
(ಪೀಠೋಪಕರಣ ಹಾಗೂ ಜಲಚರ ಶಾಖೆ)

ಸಂಖ್ಯೆ: ಮಆವಿ/ಜಲಚರ/೭/ತಿದ್ದುಪಡಿಯ ತಿದ್ದುಪಡಿ
ದಿನಾಂಕ: ಭಾನುವಾರ, ಮಧ್ಯಾಹ್ನದ ಊಟದ ನಂತರ

ಸುತ್ತೋಲೆ

ವಿಷಯ: ನಡುಮನೆಯಲ್ಲಿ ಆಫ್ರಿಕಾದ ಸಿಕ್ಲಿಡ್ ಮೀನುಗಳ ತೊಟ್ಟಿಯನ್ನು ಸ್ಥಾಪಿಸುವುದು, ಅದಕ್ಕೆ ಮೀನುಗಳನ್ನು ಬಿಡುವುದು, ಮತ್ತು ತತ್ಪರಿಣಾಮವಾಗಿ ಅತ್ತೆಯವರು ಬ್ಯಾಗು ಕಟ್ಟಿಟ್ಟುಕೊಂಡಿರುವ ಬಗ್ಗೆ.

ಉಲ್ಲೇಖ:
(ಅ) ಇದೇ ವಿಭಾಗದ ಹಿಂದಿನ ಸುತ್ತೋಲೆ, 'ತೊಟ್ಟಿಯ ಗಾಜನ್ನು ಬೆರಳಿನಿಂದ ತಟ್ಟಕೂಡದು' (ಯಾರೂ ಓದಿರುವುದಿಲ್ಲ).
(ಆ) ಧರ್ಮಪತ್ನಿಯವರು ಅಡುಗೆಮನೆಯ ಬಾಗಿಲಿನಿಂದ ನೀಡಿದ ಮೌಖಿಕ ಎಚ್ಚರಿಕೆ.
(ಇ) ಅತ್ತೆಯವರ ಮೌನ, ಗುರುವಾರದಿಂದ ಜಾರಿಯಲ್ಲಿತ್ತು.

ಪ್ರಸ್ತಾವನೆ:

ಟಪಾಲು ಶಾಖೆಯ ಮುಖ್ಯ ಗುಮಾಸ್ತರೂ, ಮನೆಯ ಮಟ್ಟಿಗೆ ಈ ವಿಭಾಗದ ಮುಖ್ಯಸ್ಥರೆಂದು ತಮ್ಮನ್ನು ತಾವೇ ನೇಮಿಸಿಕೊಂಡವರೂ ಆದ, ಕೆಳಗೆ ಸಹಿ ಮಾಡಿರುವವರು (ಇನ್ನು ಮುಂದೆ 'ಸಹಿದಾರರು') ನಡುಮನೆಯಲ್ಲಿ ಸಿಕ್ಲಿಡ್ ಮೀನುಗಳನ್ನು ಸಾಕಲು ಈ ಹಿಂದೆ ಆದೇಶಿಸಿರುವುದು ಸರಿಯಷ್ಟೆ. ಸದರಿ ಮೀನುಗಳು ನೋಡಲು ಅಂದವಾಗಿದ್ದರೂ ಕಾಲು ಕೆರೆದು ಜಗಳಕ್ಕೆ ಬರುವ ಜಾತಿಯವು ಎಂಬುದೂ, ಅವಕ್ಕೆ ಕಾಲಿಲ್ಲದಿರುವುದು ಇದಕ್ಕೆ ಅಡ್ಡಿಯಾಗಿಲ್ಲವೆಂಬುದೂ ತಡವಾಗಿ ಗಮನಕ್ಕೆ ಬಂದಿದೆ. ಈ ನಡುವೆ ಅತ್ತೆಯವರು, ಸೋಮವಾರ ಬೆಳಗಿನ ಬಸ್ಸಿಗೆ ತಮ್ಮ ಕಿರಿಯ ಮಗಳ ಮನೆಗೆ ಹೊರಡುವುದಾಗಿ ಗೋಡೆಯ ಕಡೆ ಮುಖ ಮಾಡಿಕೊಂಡು ತಿಳಿಸಿದ್ದಾರೆ. ಅವರನ್ನು ತಡೆಯುವ ಅಧಿಕಾರ ಈ ವಿಭಾಗಕ್ಕೆ ಇರುವುದಿಲ್ಲ. ಆದುದರಿಂದ ಈ ಕೆಳಕಂಡ ಅಂಶಗಳನ್ನು ಮನೆಯ ಸಮಸ್ತ ಸದಸ್ಯರ ಅವಗಾಹನೆಗೆ ತರಲಾಗಿದೆ.

೧. ನೀರಿನ ಬಗ್ಗೆ. ಸದರಿ ಮೀನುಗಳ ತವರು ಸರೋವರದ ನೀರು ಗಡಸು. ಆದಕಾರಣ ಮರಳಿನೊಂದಿಗೆ ಹವಳದ ಪುಡಿಯನ್ನು ಬೆರೆಸಿ ನಲ್ಲಿಯ ನೀರನ್ನು ತಕ್ಕಮಟ್ಟಿಗೆ ಗಡಸು ಮಾಡಲಾಗಿದೆ. ತೊಟ್ಟಿಯಲ್ಲಿ ಹೀಟರ್ ಇದೆ. "ಪಾಪ, ಚಳಿ ಆಗುತ್ತೇನೋ" ಎಂದು ಯಾರೂ ಕೆಟಲ್‌ನಿಂದ ಬಿಸಿನೀರನ್ನು ಸುರಿಯತಕ್ಕದ್ದಲ್ಲ. ಹೀಗೆ ಸುರಿದವರು ಯಾರೆಂದು ಸಹಿದಾರರಿಗೆ ತಿಳಿದಿದೆ. ಅವರ ವಯಸ್ಸನ್ನೂ ಉದ್ದೇಶವನ್ನೂ ಪರಿಗಣಿಸಿ ವಿಷಯವನ್ನು ಕೈಬಿಡಲಾಗಿದೆ.

೨. ಕಲ್ಲುಗಳ ಬಗ್ಗೆ. ಕಲ್ಲುಗಳನ್ನು ಮೊದಲು ಗಾಜಿನ ತಳದ ಮೇಲೆ ಭದ್ರವಾಗಿ ಕೂರಿಸಿ, ನಂತರವಷ್ಟೇ ಮರಳು ಹಾಕತಕ್ಕದ್ದು. ಮರಳಿನ ಮೇಲೆ ಕಲ್ಲಿಟ್ಟರೆ ಮೀನುಗಳು ಬುಡ ಅಗೆದು, ಕಲ್ಲು ಉರುಳಿ, ಗಾಜು ಒಡೆದು, ನಡುಮನೆಯೇ ಸರೋವರವಾಗುವ ಸಂಭವವಿರುತ್ತದೆ. ಬಚ್ಚಲುಮನೆಯಲ್ಲಿ ಹಿಮ್ಮಡಿ ಉಜ್ಜುವ ಕಲ್ಲು ಕಾಣೆಯಾಗಿದೆ ಎಂಬ ಧರ್ಮಪತ್ನಿಯವರ ದೂರನ್ನು ಪರಿಶೀಲಿಸಲಾಯಿತು. ಅದನ್ನು ಅಲಂಕಾರಕ್ಕೆಂದು ತೊಟ್ಟಿಗೆ ಹಾಕಲಾಗಿತ್ತು. ಅದು ತೇಲಿತು. ಒಣಗಿಸಿ ಹಿಂದಿರುಗಿಸಲಾಗಿದೆ.

೩. ಕಾಯುವಿಕೆಯ ಬಗ್ಗೆ. ನೀರು ಹದಕ್ಕೆ ಬರುವವರೆಗೆ ಮೀನು ಬಿಡಬಾರದೆಂಬ ನಿಯಮವಿರುವುದರಿಂದ, ಹಲವು ವಾರ ಬರೀ ನೀರನ್ನು ಫಿಲ್ಟರ್ ಹಾಕಿ, ದೀಪ ಹಚ್ಚಿ, ನಾಲ್ಕು ಕುರ್ಚಿ ಹಾಕಿಕೊಂಡು ನೋಡಲಾಯಿತು. ಪಕ್ಕದ ಮನೆಯ ಗಡಿಯಾರ ರಿಪೇರಿಯವರು ಬಂದು "ಮೀನೆಲ್ಲಿ ಸ್ವಾಮಿ?" ಎಂದಾಗ "ಪರಿಶೀಲನೆಯಲ್ಲಿದೆ" ಎಂದು ಉತ್ತರಿಸಲಾಗಿದೆ. ಅವರು ಆಮೇಲೆ ಮೆಟ್ಟಿಲಿನಲ್ಲಿ ನಕ್ಕಿದ್ದನ್ನು ಗಮನಿಸಲಾಗಿದೆಯಾದರೂ ಕ್ರಮ ಕೈಗೊಂಡಿಲ್ಲ.

೪. ಮೀನುಗಳನ್ನು ಬಿಟ್ಟ ಕ್ರಮ ಮತ್ತು ಜ್ಯೇಷ್ಠತೆ. ಕಚೇರಿಯಲ್ಲಿ ಮೊದಲು ಸೇರಿದವರಿಗೆ ಕಿಟಕಿ ಪಕ್ಕದ ಮೇಜು ಸಿಗುವ ಪದ್ಧತಿಯಿದ್ದು, ಅದೇ ಪದ್ಧತಿಯನ್ನು ತೊಟ್ಟಿಗೂ ಅನ್ವಯಿಸಲಾಯಿತು. ಅದರಂತೆ ಎಲ್ಲಕ್ಕಿಂತ ದೊಡ್ಡದಾದ ನೀಲಿ ಗಂಡುಮೀನನ್ನು ಮೊದಲು ಬಿಟ್ಟು ಅಧಿಕಾರ ವಹಿಸಿಕೊಡಲಾಯಿತು. ಮಗಳು ಅದಕ್ಕೆ 'ದೊಡ್ಡ ಸಾಹೇಬ' ಎಂದು ಹೆಸರಿಟ್ಟಿದ್ದಾಳೆ. ಉಳಿದ ಮೀನುಗಳನ್ನು ಗಾತ್ರಕ್ಕೆ ಅನುಗುಣವಾಗಿ ಒಂದೊಂದಾಗಿ ಬಿಡಲಾಯಿತು. ದೊಡ್ಡ ಸಾಹೇಬರು ಅಷ್ಟರೊಳಗೆ ಎಲ್ಲ ಕಲ್ಲು, ಎಲ್ಲ ಸಂದು, ಫಿಲ್ಟರಿನ ಕೊಳವೆ ಸಮೇತ ಇಡೀ ತೊಟ್ಟಿಯನ್ನು ತಮ್ಮ ಖಾತೆಗೆ ಬರೆದುಕೊಂಡಿದ್ದರು. ಹೊಸದಾಗಿ ಬಂದವುಗಳನ್ನು ಒಂದು ಕ್ಷಣವೂ ನಿಲ್ಲಗೊಡದೆ ಅಟ್ಟಿಸಿಕೊಂಡು ಹೋಗಿ ಕಚ್ಚತೊಡಗಿದರು. ಎಲ್ಲಕ್ಕಿಂತ ಕೊನೆಗೆ ಬಂದ ಹಳದಿ ಹೆಣ್ಣುಮೀನು ಹೀಟರಿನ ಹಿಂದೆ ಅಂಗೈಯಗಲದ ಜಾಗದಲ್ಲಿ ಅವಿತುಕೊಂಡು, ಬಾಲದ ಅಂಚು ಹರಿದು, ಊಟ ಬಿಟ್ಟಿತು. ಇದನ್ನು ನೋಡಿದ ಅತ್ತೆಯವರು, "ನಮ್ಮ ಅಳಿಯಂದ್ರನ್ನೇ ನೋಡಿದ ಹಾಗಾಗುತ್ತೆ" ಎಂದರು. ಯಾವ ಮೀನನ್ನು ಕುರಿತು ಹೇಳಿದ್ದೆಂದು ಸ್ಪಷ್ಟೀಕರಣ ಕೇಳುವ ಧೈರ್ಯ ಯಾರಿಗೂ ಬಂದಿಲ್ಲ.

೫. ಹೊಲಿಗೆ ಯಂತ್ರದ ಬಗ್ಗೆ. ಅತ್ತೆಯವರು ಜೀವಮಾನವಿಡೀ ದರ್ಜಿಯಾಗಿದ್ದವರು. ಅವರ ಅಂಗಡಿಯಿದ್ದ ಕಟ್ಟಡವನ್ನು ಕೆಡವಿದ್ದರಿಂದ ಯಂತ್ರ ಮತ್ತು ಒಂದು ಬ್ಯಾಗಿನೊಂದಿಗೆ ಈ ಮನೆಗೆ ಬಂದು ಸೇರಿದರು. ಯಂತ್ರವನ್ನು ಬೆಳಕಿರುವ ಕಿಟಕಿಯ ಪಕ್ಕ ಇಡಬೇಕೆಂದು ಧರ್ಮಪತ್ನಿಯವರು ಮನವಿ ಸಲ್ಲಿಸಿದ್ದರು. ಆದರೆ ತೊಟ್ಟಿಯು ಅತ್ತೆಯವರಿಗಿಂತ ಮೊದಲೇ ಮನೆಗೆ ಬಂದು ಆ ಜಾಗದಲ್ಲಿ ಕೂತಿದ್ದರಿಂದ, ಜ್ಯೇಷ್ಠತೆಯ ನಿಯಮದಂತೆ ಮನವಿಯನ್ನು ತಿರಸ್ಕರಿಸಿ, ಯಂತ್ರಕ್ಕೆ ಬಚ್ಚಲುಮನೆಯ ಮುಂದಿನ ಓಣಿಯಲ್ಲಿ, ಛತ್ರಿಗಳು ಮತ್ತು ನೆಲ ಒರೆಸುವ ಕೋಲಿನ ನಡುವೆ ಸ್ಥಳಾವಕಾಶ ಕಲ್ಪಿಸಲಾಯಿತು. ಅತ್ತೆಯವರು ಆಗ "ಇರಲಿ ಬಿಡಿ" ಎಂದಷ್ಟೇ ಅಂದರು.

೬. ಗುರುವಾರದ ಘಟನೆ. ಸದರಿ ಓಣಿಯಲ್ಲಿ ಬೆಳಕು ಸಾಲದೆ, ಮಗಳ ಶಾಲೆಯ ಅಂಗಿಯ ಒಂದು ತೋಳು ಹಿಂದುಮುಂದಾಗಿ ಹೊಲಿಯಲ್ಪಟ್ಟಿತು. ಈ ಬಗ್ಗೆ ಸಹಿದಾರರು ತಮಾಷೆಗೆಂದು, ಕಚೇರಿಯ ನಮೂನೆಯಲ್ಲಿಯೇ, 'ತೋಳಿನ ದಿಕ್ಕಿನ ಬಗ್ಗೆ ವಿವರಣೆ ನೀಡತಕ್ಕದ್ದು' ಎಂದು ಜ್ಞಾಪನವೊಂದನ್ನು ಬರೆದು ಯಂತ್ರದ ಮೇಲೆ ಇಟ್ಟರು. ಮನೆಯಲ್ಲಿ ಯಾರೂ ನಗಲಿಲ್ಲ. ಅತ್ತೆಯವರು ಅಂಗಿಯನ್ನು ತಿರುಗಿಸಿ ತಿರುಗಿಸಿ ನೋಡಿ, ಯಂತ್ರಕ್ಕೆ ಮುಚ್ಚಳ ಹಾಕಿ, ಧರ್ಮಪತ್ನಿಯವರೊಂದಿಗೆ ಹೀಗೆ ಹೇಳಿದ್ದು ಬಾಗಿಲ ಸಂದಿಯಿಂದ ಕೇಳಿಬಂದಿದೆ: "ಕಣ್ಣು ಕೈಕೊಡ್ತು ಕಣೇ. ಇನ್ನು ಹೊಲಿಗೇನೂ ಹೋಯ್ತು. ಸುಮ್ನೆ ಕೂತು ತಿನ್ನೋಕೆ ನಾನು ಈ ಮನೇಲಿ ಯಾಕಿರ್ಲಿ?" ಆ ರಾತ್ರಿ ಸಹಿದಾರರಿಗೆ ನಿದ್ದೆ ಬಂದಿರುವುದಿಲ್ಲ. ಧರ್ಮಪತ್ನಿಯವರು "ಬರಬಾರದು" ಎಂದು ಷರಾ ಬರೆದಂತೆ ಹೇಳಿ ಮಗ್ಗುಲು ಬದಲಿಸಿದರು.

೭. ಪಾಚಿ ಹಾಗೂ ತಜ್ಞರ ಅಭಿಪ್ರಾಯ. ಅಷ್ಟರಲ್ಲಿ ಕಿಟಕಿಯ ಬಿಸಿಲಿಗೆ ತೊಟ್ಟಿಯ ಗಾಜೆಲ್ಲ ಹಸಿರು ಪಾಚಿ ಕಟ್ಟಿ, ಮೀನುಗಳಿರಲಿ, ನೀರೇ ಕಾಣದಂತಾಯಿತು. ಶನಿವಾರ ಸಾಕುಮೀನಿನ ಅಂಗಡಿಯವರನ್ನು ವಿಚಾರಿಸಲಾಗಿ, ಅವರು ಬಲೆಯ ಹಿಡಿಯಿಂದ ಬೆನ್ನು ಕೆರೆದುಕೊಳ್ಳುತ್ತಲೇ ಹೀಗೆ ಅಭಿಪ್ರಾಯ ನೀಡಿದರು: "ಬಿಸಿಲಿಗೆ ಯಾರಾದ್ರೂ ತೊಟ್ಟಿ ಇಡ್ತಾರಾ ಸಾರ್? ಒಳಗೋಡೆಗೆ ಹಾಕಿ. ನೀಲಿದನ್ನ ಹಿಡಿದು ಬೈದು ಪ್ರಯೋಜನ ಇಲ್ಲ, ಅದರ ಗುಣ ಅದು. ಕಲ್ಲೆಲ್ಲಾ ಆಚೆ ತೆಗೆದು ಬೇರೆ ಥರ ಜೋಡಿಸಿ. ಜೊತೆಗೆ ಒಂದಷ್ಟು ಮೀನು ಒಟ್ಟಿಗೇ ಬಿಡಿ. ಆಗ ಯಾವುದು ಯಾರ ಮನೆ ಅಂತ ಯಾರಿಗೂ ಗೊತ್ತಾಗಲ್ಲ, ಎಲ್ಲಾ ಹೊಸದಾಗಿ ಶುರು ಮಾಡ್ಕೊಳ್ತವೆ." ಸಹಿದಾರರು ಹೊಸ ಮೀನುಗಳ ಪೊಟ್ಟಣ ಹಿಡಿದುಕೊಂಡು, ಬಸ್ಸಿನಲ್ಲಿ ತಮ್ಮ ನಿಲ್ದಾಣವನ್ನು ದಾಟಿ ಹೋಗುವಷ್ಟು ಯೋಚನೆಯಲ್ಲಿ ಮುಳುಗಿದ್ದರು.

೮. ಘಟನೋತ್ತರ ಮಂಜೂರಾತಿ. ಇಂದು ಬೆಳಿಗ್ಗೆ ಪೂರ್ವಾನುಮತಿಯಿಲ್ಲದೆ ಕೈಗೊಂಡ ಈ ಕೆಳಕಂಡ ಕಾಮಗಾರಿಗಳಿಗೆ ಈ ಮೂಲಕ ಮಂಜೂರಾತಿ ನೀಡಲಾಗಿದೆ:

(ಅ) ತೊಟ್ಟಿಯ ನೀರನ್ನು ಮನೆಯ ಎಲ್ಲ ಬಕೆಟ್, ಪಾತ್ರೆ ಹಾಗೂ ಮಗಳ ಹಳೆಯ ಸ್ನಾನದ ಟಬ್ಬಿಗೆ ಬಸಿದು, ಮೀನುಗಳನ್ನು ತಾತ್ಕಾಲಿಕವಾಗಿ ಟಬ್ಬಿಗೆ ನಿಯೋಜಿಸಿದ್ದು. ಟಬ್ಬಿನಲ್ಲಿಯೂ ದೊಡ್ಡ ಸಾಹೇಬರು ಸುತ್ತು ಹೊಡೆದು ತಪಾಸಣೆ ನಡೆಸಿದರು.

(ಆ) ಖಾಲಿ ತೊಟ್ಟಿಯನ್ನು ಒಳಗೋಡೆಗೆ ಸಾಗಿಸಿದ್ದು. ಈ ಸಂದರ್ಭದಲ್ಲಿ ಸಹಿದಾರರು ಸೊಂಟ ಬಗ್ಗಿಸಿ ಎತ್ತಲು ಹೋದಾಗ, ಗುರುವಾರದಿಂದ ಸಹಿದಾರರೊಂದಿಗೆ ಮಾತು ಬಿಟ್ಟಿದ್ದ ಅತ್ತೆಯವರು ಓಣಿಯಿಂದಲೇ "ಅಯ್ಯೋ, ಬಗ್ಗಬೇಡಿ! ಕೂತ್ಕೊಂಡು ಎತ್ತಿ! ಸೊಂಟ ಹಿಡ್ಕೊಂಡ್ರೆ ಯಾರು ಉಜ್ಜೋದು?" ಎಂದು ಕೂಗಿದ್ದರಿಂದ ಉಲ್ಲೇಖ (ಇ) ತನ್ನಿಂತಾನೇ ರದ್ದಾಯಿತು.

(ಇ) ಕಲ್ಲುಗಳನ್ನೆಲ್ಲ ತೆಗೆದು ಹೊಸದಾಗಿ ಜೋಡಿಸಿದ್ದು. ಹಳೆಯ ಮತ್ತು ಹೊಸ ಮೀನುಗಳನ್ನು ಜ್ಯೇಷ್ಠತೆ ನೋಡದೆ ಒಂದೇ ಸಲಕ್ಕೆ ಬಿಟ್ಟಿದ್ದು. ಸಾಹೇಬರು ದಾರಿ ತಪ್ಪಿದವರಂತೆ ಗಾಜಿನುದ್ದಕ್ಕೂ ಓಡಾಡಿ, ಕೊನೆಗೆ ಮೂಲೆಯ ಒಂದು ಸಂದು ಸೇರಿಕೊಂಡರು. ಊಟದ ಹೊತ್ತಿಗೆ ಹಳದಿ ಮೀನು ತೊಟ್ಟಿಯ ನಡುವಿಗೆ ಬಂದು ಪಾಲಕ್ ಚೂರನ್ನು ಕಚ್ಚಿತು. ಮಗಳು ಚಪ್ಪಾಳೆ ತಟ್ಟಿದಳು. ತಟ್ಟಿದ್ದು ಗಾಜನ್ನಲ್ಲವಾದ್ದರಿಂದ ಆಕ್ಷೇಪಣೆ ಇಲ್ಲ.

(ಈ) ಟಿವಿ, ಊಟದ ಮೇಜು, ಚಪ್ಪಲಿ ಗೂಡು, ಸಹಿದಾರರ ಕುರ್ಚಿ ಸಹಿತ ನಡುಮನೆಯ ಸಮಸ್ತ ಸಾಮಾನನ್ನೂ ಅದಲುಬದಲು ಮಾಡಿದ್ದು. ಸದ್ಯ ಈ ಮನೆಯಲ್ಲಿ ಯಾರಿಗೂ ತಮ್ಮ ಹಳೆಯ ಜಾಗ ಇರುವುದಿಲ್ಲ. ಸಹಿದಾರರು ಎರಡು ಬಾರಿ ಅಭ್ಯಾಸಬಲದಿಂದ ಬರಿಯ ನೆಲದ ಮೇಲೆ ಕೂರಲು ಹೋಗಿದ್ದಾರೆ.

(ಉ) ಹೊಲಿಗೆ ಯಂತ್ರವನ್ನು ಕಿಟಕಿಯ ಪಕ್ಕಕ್ಕೆ ತಂದು, ಒರೆಸಿ, ಎಣ್ಣೆ ಬಿಟ್ಟು, ಬೆಳಕು ಎಡಗಡೆಯಿಂದ ಬೀಳುವಂತೆ ನಿಲ್ಲಿಸಿದ್ದು.

೯. ಆಹಾರದ ಬಗ್ಗೆ ಹೇಳುವುದು ಮರೆತಿದೆ. ಈ ಮೀನುಗಳು ಹೆಚ್ಚಾಗಿ ಪಾಚಿ, ಸೊಪ್ಪು ತಿಂದು ಬದುಕುವಂಥವು. ಹೊಟ್ಟೆ ಉಬ್ಬಿ ಸಾಯುವ ಅಪಾಯವಿರುವುದರಿಂದ ಬಿಸ್ಕತ್ತಿನ ಪುಡಿ, ಬ್ರೆಡ್ಡು ಇತ್ಯಾದಿಗಳನ್ನು ಪ್ರೀತಿಯಿಂದಲೂ ಹಾಕತಕ್ಕದ್ದಲ್ಲ. ದಿನನಿತ್ಯ ಎಷ್ಟು ಹಾಕಬೇಕೆಂದು ನಿರ್ಧರಿಸುವ ಸಂಪೂರ್ಣ ಅಧಿಕಾರವನ್ನು ಅತ್ತೆಯವರಿಗೆ ವಹಿಸಲಾಗಿದೆ. ಸೋಮವಾರದಿಂದ ಜಾರಿಗೆ ಬರುವ ಈ ಕರ್ತವ್ಯಕ್ಕೆ ಬದಲಿ ಸಿಬ್ಬಂದಿ ಲಭ್ಯವಿಲ್ಲ.

೧೦. ಮೊದಲು ಬಂದವರಿಗೆ ಹೆಚ್ಚು ಜಾಗ ಎಂಬ ನಿಯಮವನ್ನು ತೊಟ್ಟಿಯ ಒಳಗೂ ಹೊರಗೂ ಈ ಕೂಡಲೇ ರದ್ದುಪಡಿಸಲಾಗಿದೆ. ತೋಳಿನ ಬಗ್ಗೆ ಹೊರಡಿಸಿದ ಜ್ಞಾಪನವನ್ನು ಹಿಂಪಡೆಯಲಾಗಿದೆ. ತಪ್ಪು ಓಣಿಯದು, ಓಣಿಗೆ ಕಳಿಸಿದವರದು, ಕಣ್ಣಿನದಲ್ಲ. ಅತ್ತೆಯವರು ಹೋದರೆ ಮನೆ ಬಿಕೋ ಎನ್ನುತ್ತದೆ, ಸಹಿದಾರರಿಗೆ ತುಂಬ ಬೇಜಾರಾಗುತ್ತದೆ. ಈ ಮಾತನ್ನು ಮುಖಾಮುಖಿ ಹೇಳಲು ಬೆಳಗಿನಿಂದ ಮೂರ್ನಾಲ್ಕು ಸಲ ಪ್ರಯತ್ನಿಸಲಾಗಿದ್ದು, ಪ್ರತಿ ಸಲವೂ ಪಾಚಿಯ ಬಗ್ಗೆ ಮಾತಾಡಿ ವಾಪಸು ಬರಲಾಗಿದೆ. ಆ ಕಾರಣಕ್ಕಾಗಿಯೇ ಈ ಸುತ್ತೋಲೆಯನ್ನು ಹೊರಡಿಸುವುದು ಅನಿವಾರ್ಯವಾಯಿತು.

(ಸಹಿ)
ಮುಖ್ಯಸ್ಥರು, ಮನೆ ಆಡಳಿತ ವಿಭಾಗ
(ಕುರ್ಚಿ ಎಲ್ಲಿದೆ ಎಂದು ಹುಡುಕಲಾಗುತ್ತಿದೆ)

ಪ್ರತಿಗಳು:

೧. ಧರ್ಮಪತ್ನಿಯವರಿಗೆ: ಅವರು ಮೊದಲೇ ಹೇಳಿದ್ದು ಸರಿ ಎಂಬುದರ ದೃಢೀಕರಣಕ್ಕಾಗಿ. ಬಂದವರಿಗೆಲ್ಲ ಓದಿ ಹೇಳಕೂಡದು.

೨. ಮಗಳಿಗೆ: ಇದರ ಹಿಂಬದಿಯಲ್ಲಿ ಚಿತ್ರ ಬರೆಯುವ ಮುನ್ನ ಒಮ್ಮೆ ಓದುವ ಕೋರಿಕೆಯೊಂದಿಗೆ.

೩. ದೊಡ್ಡ ಸಾಹೇಬರಿಗೆ: ಗಾಜಿನ ಹೊರಮೈಗೆ ಅಂಟಿಸುವ ಮೂಲಕ.

೪. ನಾದಿನಿಯವರಿಗೆ: ಸೋಮವಾರ ಅತ್ತೆಯವರನ್ನು ಕರೆದೊಯ್ಯಲು ಬಸ್ ನಿಲ್ದಾಣಕ್ಕೆ ಹೋಗುವ ಮುನ್ನ ಒಂದು ಫೋನ್ ಮಾಡಲು.

೫. ಅತ್ತೆಯವರಿಗೆ: ಖುದ್ದಾಗಿ. ಸಹಿದಾರರು ಎದುರು ನಿಂತು ಓದಿ ಹೇಳಿದರು. ಹತ್ತನೆಯ ಅಂಶದ ನಡುವೆಯೇ ಅತ್ತೆಯವರು ತಡೆದು, "ಸಾಕು ಬಿಡಿ, ನಿಮ್ಮ ಪ್ಯಾಂಟಿನ ಅಂಚು ಬಿಚ್ಚಿಹೋಗಿದೆ. ಬೇರೆ ಹಾಕ್ಕೊಂಡು ಇದನ್ನ ಕೊಡಿ, ಬೆಳಕಿರುವಾಗ್ಲೇ ಹೊಲಿದುಬಿಡ್ತೀನಿ" ಎಂದರು. ಇದನ್ನೇ ಅವರ ಉತ್ತರವೆಂದು ಪರಿಗಣಿಸಿ, ಪ್ಯಾಂಟನ್ನು ತಕ್ಷಣ ಹಾಜರುಪಡಿಸಲಾಗಿದೆ.